ಒಣಬಲೆಯ ಅಳತೆ

ಅಳತೆಯ ಕಬ್ಬಿಣದ ಪಟ್ಟಿ ಬಲೆಯ ಕಣ್ಣಿನೊಳಗೆ ಅರ್ಧ ಹೋಗಿ ನಿಂತುಬಿಟ್ಟಿತು. ಹಂಗಾಮಿನ ಮೊದಲ ತಪಾಸಣೆಗೆ ಬಂದಿದ್ದ ಮೀನುಗಾರಿಕೆ ಇಲಾಖೆಯ ಅಧಿಕಾರಿ ಅದನ್ನು ಹೊರಗೆಳೆದು ಪಕ್ಕದ ಕಣ್ಣಿಗೆ ತೂರಿಸಿ ನೋಡಿದರು. ಅಲ್ಲೂ ಅದೇ ಕತೆ. ದೋಣಿಕಟ್ಟೆಯ ಮೇಲೆ ಮೀನು ಆರಿಸುತ್ತಿದ್ದವರ ಕೈಗಳು ಒಂದೊಂದಾಗಿ ನಿಂತವು.

"ಇನ್ನೊಂದ್ಸಲ ನೋಡಿ ಸಾರ್. ಪಟ್ಟಿ ಸೊಟ್ಟ ಆಗಿರಬೇಕು," ಎಂದ ಬಲೆಯ ಯಜಮಾನ.

"ಪಟ್ಟಿ ನೆಟ್ಟಗೇ ಇದೆ. ಕಣ್ಣು ಚಿಕ್ಕದಾಗಿದೆ."

ಅವನು ಅಧಿಕಾರಿಯನ್ನು ಬಿಟ್ಟು, ಅವರ ಹಿಂದೆ ನಿಂತಿದ್ದ ಮೀನುಗಾರರ ಸಂಘದ ಅಧ್ಯಕ್ಷೆಯ ಕಡೆ ತಿರುಗಿದ. ಅವಳಿಗೆ ಆ ನೋಟವನ್ನು ಎದುರಿಸಲಾಗಲಿಲ್ಲ. ಏಕೆಂದರೆ ಆ ಬಲೆಯನ್ನು ಅವನು ಹೆಣೆದದ್ದು ಅವಳದೇ ಜಗಲಿಯಲ್ಲಿ ಕೂತು, ಅವಳು ಕೊಟ್ಟ ಪಟ್ಟಿಯಿಂದಲೇ ಪ್ರತಿ ಸಾಲನ್ನೂ ಅಳೆದು.

ಊರು ಅವನನ್ನು ಕರೆಯುವುದು ಮೊಂಡಣ್ಣ ಎಂದು. ಹೆಸರು ಸುಮ್ಮನೆ ಬಂದದ್ದಲ್ಲ. ದೊಡ್ಡ ಕೆರೆಯ ಮೀನು ವರ್ಷದಿಂದ ವರ್ಷಕ್ಕೆ ಕರಗುತ್ತ ಬಂದು, ಕೊನೆಗೆ ಬಲೆ ತುಂಬ ಬೆರಳುದ್ದದ ಮರಿಗಳಷ್ಟೇ ಬರತೊಡಗಿದಾಗ, ಸರ್ಕಾರ ಕೆರೆಯನ್ನು ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳಲು ಹೊರಟಿತ್ತು. ಸಂಘದವರು ಕಚೇರಿಯಿಂದ ಕಚೇರಿಗೆ ಅಲೆದು, ನಮ್ಮ ಕೆರೆಯನ್ನು ನಾವೇ ನೋಡಿಕೊಳ್ಳುತ್ತೇವೆ, ಒಂದು ಅವಕಾಶ ಕೊಡಿ ಎಂದು ಗೋಗರೆದು ಒಪ್ಪಿಸಿದ್ದರು. ಅದಕ್ಕೊಂದು ನಿಯಮ ಬೇಕಲ್ಲ. ನಿಯಮ ಬರೆದವಳು ಅಧ್ಯಕ್ಷೆ. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ದೋಣಿ ಇಳಿಸುವಂತಿಲ್ಲ. ಬಲೆಯ ಕಣ್ಣಿನಲ್ಲಿ ಪಟ್ಟಿ ಸಲೀಸಾಗಿ ತೂರಬೇಕು, ಮರಿಗಳು ತಪ್ಪಿಸಿಕೊಂಡು ಹೋಗುವಷ್ಟು. ತೂರದಿದ್ದರೆ, ಬಲೆ ಯಾರದ್ದೇ ಆಗಿರಲಿ, ದೋಣಿಕಟ್ಟೆಯ ಮೇಲೆ ಎಲ್ಲರೆದುರು ಕತ್ತರಿಸುವುದು.

"ಮೀನಿಗೆ ರಜೆ ಕೊಟ್ಟು ನಾವೇನು ತಿನ್ನೋಣ, ರಜೆ ಅರ್ಜಿನಾ?" ಎಂದು ಸಭೆಯಲ್ಲಿ ಕೇಳಿ ಎಲ್ಲರನ್ನೂ ನಗಿಸಿದ್ದವನು ಮೊಂಡಣ್ಣನೇ. ಅವಳು ಅವನ ಮನೆಗೆ ಹೋಗಿ ಹೋಗಿ ಚಪ್ಪಲಿ ಸವೆಸಿದಳು. ಅವನ ಹೆಂಡತಿ, "ಇವರನ್ನ ಬದಲಾಯಿಸೋದಕ್ಕಿಂತ ಕೆರೆನ ಬದಲಾಯಿಸೋದು ಸುಲಭ ಕಣಮ್ಮ," ಎಂದು ಚಹಾ ಕೊಟ್ಟು ಕಳಿಸುತ್ತಿದ್ದಳು. ಕೊನೆಗೊಂದು ದಿನ ಅವನಾಗಿಯೇ ಅವಳ ಜಗಲಿಗೆ ನೂಲಿನ ಉಂಡೆ ಹೊತ್ತು ತಂದು ಕೂತ. "ನಿಯಮನ ನಂಬಿ ಬಂದಿಲ್ಲ. ನಿನ್ನ ನಂಬಿ ಬಂದಿದ್ದೀನಿ," ಎಂದಿದ್ದ.

ಈಗ ಅವನು ಬಲೆಯನ್ನು ಮಡಿಸಿ ತಾನೇ ಸಂಘದ ಕೋಣೆಯಲ್ಲಿಟ್ಟು ಹೋದ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಅಧಿಕಾರಿ ಕೆಟ್ಟವರಲ್ಲ. ಕಟ್ಟೆಯ ತುದಿಗೆ ಬಂದು ದನಿ ತಗ್ಗಿಸಿ ಹೇಳಿದರು: "ನಾಳೆ ಬೆಳಿಗ್ಗೆ ಕತ್ತರಿಸಬೇಕಮ್ಮ. ಮೇಲಿನವರು ಇದನ್ನೇ ಕಾಯ್ತಿದ್ದಾರೆ. ಸಂಘದೋರು ತಮ್ಮೋರಿಗೊಂದು, ಬೇರೆಯೋರಿಗೊಂದು ಮಾಡ್ತಾರೆ ಅಂತ ಗೊತ್ತಾದರೆ ಕೆರೆ ಗುತ್ತಿಗೆಗೆ ಹೋಯ್ತು ಅಂತಲೇ ಲೆಕ್ಕ. ಒಬ್ಬರಿಗೆ ಬಿಟ್ಟರೆ ಮುಗೀತು."

"ಅವನು ಮೋಸ ಮಾಡೋನಲ್ಲ ಸಾರ್."

"ಇರಬಹುದು. ಪಟ್ಟಿಗೆ ಅದು ಗೊತ್ತಾಗಲ್ಲವಲ್ಲ."

ಅವಳು ಮನೆಗೆ ಬಂದಾಗ ಗಂಡ ಅಂಗಳದಲ್ಲಿ ದೋಣಿಯನ್ನು ಬೋರಲು ಹಾಕಿ ತಳದ ಬಿರುಕಿಗೆ ಅರಗು ತುಂಬುತ್ತಿದ್ದ. ಈ ರಿಪೇರಿಯಿಂದಾಗಿ ಹಂಗಾಮು ಶುರುವಾದರೂ ಅವರ ದೋಣಿ ನೀರಿಗಿಳಿದಿರಲಿಲ್ಲ. ಅವಳು ಹೆಣೆದ ಹೊಸ ಬಲೆ ಗಳುವಿನ ಮೇಲೆ ಹಾಗೇ ತೂಗುತ್ತಿತ್ತು. ಅವಳು ಒಳಗಿಂದ ಪಟ್ಟಿ ತಂದು ಒಂದು ಕಣ್ಣಿಗೆ ತೂರಿಸಿದಳು. ಸರಾಗವಾಗಿ ಹೋಯಿತು. ಇನ್ನೊಂದಕ್ಕೆ, ಮತ್ತೊಂದಕ್ಕೆ. ಎಲ್ಲವೂ ಸರಿ.

"ಏನು, ನಮ್ಮ ಮೇಲೂ ದಾಳಿನಾ?" ಎಂದ ಗಂಡ.

ಅವಳು ಬಲೆಯ ಅಂಚನ್ನು ನೀರಿನ ತೊಟ್ಟಿಗೆ ಇಳಿಸಿ, ಚೆನ್ನಾಗಿ ನೆನೆಸಿ, ಒಂದು ತುದಿಗೆ ಕಲ್ಲು ಕಟ್ಟಿ ಜಗ್ಗಿದಳು. ಗಂಟುಗಳು ಕಿರ್ರೆಂದು ಬಿಗಿದುಕೊಂಡವು. ಆಮೇಲೆ ಪಟ್ಟಿ ತೂರಿಸಿದಳು. ಅರ್ಧ ಹೋಗಿ ನಿಂತಿತು.

ಹೊಸ ಬಲೆ ಮೊದಲ ಸಲ ನೀರು ಕುಡಿದಾಗ ಬಿಗಿಯಾಗುತ್ತದೆ ಎಂಬುದು ಈ ಊರಿನ ಮಕ್ಕಳಿಗೂ ಗೊತ್ತು. ಒಳ್ಳೆಯ ಬಲೆಯ ಗುಣವೇ ಅದು ಎಂದು ಎಲ್ಲರೂ ಹೊಗಳುವವರೇ. ಆದರೆ ಬಲೆ ಹೆಣೆಯುವುದು ಮೀನಿಗೆ ರಜೆ ಇರುವ ಕಾಲದಲ್ಲಿ, ಒಣ ಜಗಲಿಯಲ್ಲಿ. ಅಧಿಕಾರಿ ಅಳೆಯುವುದು ಹಂಗಾಮಿನಲ್ಲಿ, ದೋಣಿಕಟ್ಟೆಯಲ್ಲಿ, ನೀರು ಸೋರುವ ಬಲೆಯನ್ನು. ಹುಟ್ಟಿದಾಗಿನಿಂದ ಬಲೆ ಹೆಣೆದವಳು ಅವಳು, ಆ ಪಟ್ಟಿಯನ್ನು ಕಮ್ಮಾರನಿಂದ ಮಾಡಿಸಿದವಳೂ ಅವಳೇ. ಒಂದೇ ಒಂದು ಸಲ ಬಲೆಯನ್ನು ತೊಟ್ಟಿಗಿಳಿಸಿ ನೋಡಬೇಕೆಂದು ಹೊಳೆದಿರಲಿಲ್ಲ. ಹೆಚ್ಚು ಗೊತ್ತಿದ್ದದ್ದೇ ಮುಳುವಾಯಿತೋ ಏನೋ. ಅವಳಿಗೆ ತುಂಬ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಏಕೆಂದರೆ ನಿಯಮವನ್ನು ಅಕ್ಷರಶಃ ಪಾಲಿಸಿದ ಪ್ರತಿ ಮನೆಯ ಬಲೆಯೂ ಈಗ ಕತ್ತರಿಗೆ ಸಿಗುವ ಬಲೆ.

ಗಂಡ ಹತ್ತಿರ ಬಂದು ತಾನೂ ಪಟ್ಟಿ ತೂರಿಸಿ ನೋಡಿದ. ಅವನಿಗೆ ವಿಷಯ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

"ಎಷ್ಟು ಮಹಾ ವ್ಯತ್ಯಾಸ? ಕೂದಲೆಳೆಯಷ್ಟು. ಅಧಿಕಾರಿ ಪಟ್ಟಿನ ಒಂದ್ಸಲ ಇಸ್ಕೊಂಡು ಅರದಲ್ಲಿ ಸ್ವಲ್ಪ ಉಜ್ಜಿಬಿಡು. ಯಾರಿಗೆ ತಿಳಿಯುತ್ತೆ?"

"ಇವತ್ತು ನಾನು ಉಜ್ಜಿದರೆ ನಾಳೆ ಎಲ್ಲರ ಮನೆಯಲ್ಲೂ ಒಂದೊಂದು ಅರ ಇರುತ್ತೆ."

"ಹಾಗಾದರೆ ಸಭೆ ಕರೆದು ತಪ್ಪಾಯ್ತು ಅನ್ನು. ನಿಯಮ ತಿದ್ದಿ."

"ತಿದ್ದಲೇಬೇಕು. ಆದರೆ ಬರೀ ತಿದ್ದಿದರೆ ಜನ ಏನು ತಿಳ್ಕೋತಾರೆ? ಮೊದಲನೇ ಬಲೆ ಸಿಕ್ಕಿಬಿದ್ದ ದಿನವೇ ಸಂಘ ಹಿಂದೆ ಸರೀತು ಅಂತ. ಸಣ್ಣ ಕಣ್ಣಿನ ಹಳೇ ಬಲೆಗಳೆಲ್ಲ ಇನ್ನೂ ಅಟ್ಟದ ಮೇಲಿವೆ. ಸಂಜೆಯೊಳಗೆ ಕೆಳಗಿಳೀತವೆ."

ಗಂಡ ಅವಳ ಮುಖ ನೋಡಿದ. ಇಷ್ಟು ವರ್ಷ ಜೊತೆಗೆ ಬಾಳಿದವನಿಗೆ ಅವಳ ಮುಂದಿನ ಮಾತು ಕೇಳಬೇಕಿರಲಿಲ್ಲ.

"ಬೇಡ ಮಾರಾಯ್ತಿ," ಎಂದ. "ದೋಣಿ ನಾಳಿದ್ದು ನೀರಿಗೆ ಇಳಿಯುತ್ತೆ. ಬಲೆ ಇಲ್ಲದೆ ನಾನು ಅದರಲ್ಲಿ ಕೂತು ಹಾಡು ಹೇಳಲಾ?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಅವನು ನೋಡಿದ. ಹೋಗಿ ಮತ್ತೆ ಬಿರುಕಿಗೆ ಅರಗು ತುಂಬತೊಡಗಿದ. ಕತ್ತಲಾಗುವ ಮುಂಚೆ ತಾನೇ ಎದ್ದು ಬಂದು ಇಡೀ ಬಲೆಯನ್ನು ತೊಟ್ಟಿಯಲ್ಲಿ ನೆನೆಹಾಕಿದ.

ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇರೆಯವರ ಬಲೆ ಕತ್ತರಿಸುವುದನ್ನು ನೋಡಲು ಎಲ್ಲರಿಗೂ ಬಿಡುವು ಇದ್ದೇ ಇರುತ್ತದೆ. ಮೊಂಡಣ್ಣ ಒಂದು ಕಂಬಕ್ಕೆ ಒರಗಿ ನಿಂತಿದ್ದ. ಅಧ್ಯಕ್ಷೆ ಮತ್ತು ಅವಳ ಗಂಡ ಇಬ್ಬರೂ ನೀರು ತೊಟ್ಟಿಕ್ಕುವ ಬಲೆಯನ್ನು ಹೆಗಲ ಮೇಲೆ ಹೊತ್ತು ಬರುವುದನ್ನು ಕಂಡು ಜನ ದಾರಿ ಬಿಟ್ಟರು.

"ಮೊದಲು ಇದನ್ನ ಅಳೀರಿ ಸಾರ್," ಎಂದಳು.

ಅಧಿಕಾರಿ ಅಳೆದರು. ಪಟ್ಟಿ ನಿಂತಿತು.

ಅವಳು ಎಲ್ಲರಿಗೂ ಕೇಳುವಂತೆ ನಡೆದದ್ದನ್ನು ಹೇಳಿದಳು. ತಾನು ಒಣಬಲೆ ಅಳೆದು ನಿಯಮ ಬರೆದದ್ದು, ನಿನ್ನೆ ತೊಟ್ಟಿಯಲ್ಲಿ ಕಂಡದ್ದು, ಮೊಂಡಣ್ಣನ ಕೈಯಲ್ಲಿ ಯಾವ ತಪ್ಪೂ ಇಲ್ಲವೆಂಬುದು. "ನನ್ನ ಪಟ್ಟಿಯಿಂದ ಅಳೆದು ಹೆಣೆದ ಬಲೆಗಳು ಈ ಹಂಗಾಮು ನಡೀಲಿ. ಮುಂದಿನ ಹಂಗಾಮಿಗೆ ನೆನೆಸಿ ಅಳೆದು ಹೆಣೆಯೋಣ. ಹಳೇ ಬಲೆ ಯಾವುದಾದರೂ ನೀರಿಗೆ ಬಿದ್ದರೆ ಮಾತ್ರ ಆಗಲೂ ಕತ್ತರಿ, ಈಗಲೂ ಕತ್ತರಿ."

ಗುಂಪಿನಲ್ಲಿ ಯಾರೋ, "ಹಾಗಾದ್ರೆ ಇವತ್ತು ಕತ್ತರಿಗೆ ಕೆಲಸ ಇಲ್ಲ ಅನ್ನಿ," ಎಂದರು. ಒಬ್ಬಿಬ್ಬರು ನಕ್ಕರು.

"ಇದೆ," ಎಂದಳು ಅವಳು. "ತಪ್ಪು ಅಳತೆ ಕೊಟ್ಟೋಳ ಬಲೆ."

ಅಧಿಕಾರಿಗೆ ಇರಿಸುಮುರುಸಾಯಿತು. "ಅಮ್ಮ, ಎಲ್ಲರಿಗೂ ಒಂದೇ ಥರ ತಿದ್ದಿದರೆ ನಂದೇನೂ ಅಡ್ಡಿ ಇಲ್ಲ. ಮೇಲಿನವರಿಗೆ ನಾನೇ ಹೇಳ್ತೀನಿ. ಇದು ಬೇಕಾಗಿಲ್ಲ."

"ನಿಮಗೆ ಬೇಕಾಗಿಲ್ಲ ಸಾರ್. ನಮಗೆ ಬೇಕು."

ಅವಳು ಅವರ ಕೈಯಿಂದ ಕತ್ತರಿ ಇಸಿದುಕೊಂಡಳು. ಗಂಡ ಬಲೆಯ ಒಂದು ತುದಿ ಹಿಡಿದು ಕೆರೆಯ ಕಡೆ ಮುಖ ತಿರುಗಿಸಿ ನಿಂತ. ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು. ಒದ್ದೆ ಬಲೆ ಸಡಿಲವಾಗಿದ್ದರೆ ಕತ್ತರಿಗೆ ಸಿಗುವುದಿಲ್ಲ. ಅವಳು ಕತ್ತರಿ ಆಡಿಸಿದಷ್ಟೂ ನೂಲು ಜಾರಿ ಜಾರಿ ಹೋಗುತ್ತಿತ್ತು.

ಮೊಂಡಣ್ಣ ಕಂಬ ಬಿಟ್ಟು ಬಂದ. ಬಗ್ಗಿ ನೆಲದ ಮೇಲಿದ್ದ ತುದಿಯನ್ನು ಎತ್ತಿ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಬಲೆ ನೆಟ್ಟಗಾಗುವವರೆಗೆ ಹಿಂದೆ ಹಿಂದೆ ಸರಿದು, ಜಗ್ಗಿ ಹಿಡಿದು ನಿಂತ.