ನಲವತ್ತೊಂದು ಕಡೆ ಅದೇ ಹನ್ನೆರಡು ಸಾಲು

ಸೀನು ಬಂದಂತಾಗಿ ಬರಲಿಲ್ಲ, ಮೂಗಿನ ತುದಿಯಲ್ಲೇ ನಿಂತುಬಿಟ್ಟಿತು, ಬಸ್ಸಿನ ಕಿಟಕಿಯಿಂದ ತಂಬಾಕಿನ ಘಾಟು, ನಿಪ್ಪಾಣಿ ದಾಟುವವರೆಗೂ ಇದು ಇದ್ದದ್ದೇ, ಹುಟ್ಟಿದಂದಿನಿಂದ ಉಸಿರಾಡಿದ ಗಾಳಿ, ಆದರೂ ಊರು ಬಿಡುವಾಗ ಮಾತ್ರ ಮೂಗು ಹೊಸದಾಗಿ ತಕರಾರು ತೆಗೆಯುತ್ತದೆ — ಎಲ್ಲಿಗ್ರೀ ಅಕ್ಕಾರ ಅಂತ ಕಂಡಕ್ಟರು, ಚಿಕ್ಕೋಡಿ ಅಂದಳು ತೃಪ್ತಿ, ಆಧಾರ್ ಕಾರ್ಡು ತೋರಿಸಿದಳು, ಪುಕ್ಕಟೆ ಚೀಟಿ ಕೈಗೆ ಬಂತು, ಅದನ್ನು ಬ್ಯಾಗಿನಲ್ಲಿ ಇಡುವಾಗ ಬೆರಳಿಗೆ ಆ ಹಾಳೆ ತಾಕಿತು, ಮಡಿಚಿ ಮಡಿಚಿ ಸಣ್ಣದಾದ ಒಂದೇ ಹಾಳೆ, ಅದರಲ್ಲಿ ನಾಲ್ಕೇ ಸಾಲು, ಇವತ್ತು ಅದನ್ನು ಆಸ್ಪತ್ರೆಯಲ್ಲಿರುವ ಧರೆಪ್ಪನ ಕೈಯಲ್ಲಿ ಇಟ್ಟುಬಿಡಬೇಕು, ಇಟ್ಟು ಹೇಳಬೇಕು, ನಿನ್ನದೇನೂ ತಪ್ಪಿಲ್ಲ ಅಂತ ಹೇಳಬೇಕು — ಯಾವ ಕೈಯಲ್ಲಿ ಇಡುತ್ತೀ ತಾಯಿ, ಬಲಗೈಯಲ್ಲಿ ಏನು ಉಳಿದಿದೆ ಅವನಿಗೆ — ಆಚೆ ನೋಡು, ಕಂಬ ನೋಡು, ಕರೆಂಟಿನ ಕಂಬ ಒಂದು, ಎರಡು, ಮೂರು, ಎಲ್ಲ ಒಂದೇ ಥರ, ಹನ್ನೆರಡು ಆದ ಮೇಲೆ ಮತ್ತೆ ಒಂದರಿಂದ ಶುರು, ಹನ್ನೊಂದು ದಿನದಿಂದ ಏನನ್ನು ಎಣಿಸಿದರೂ ಹನ್ನೆರಡಕ್ಕೇ ನಿಲ್ಲುತ್ತದೆ. ಹನ್ನೆರಡು ಸಾಲು, ನಲವತ್ತೊಂದು ಕಡೆ. ಕಂಪನಿ ಅಂದರೆ ಅಂಥ ಘನಂದಾರಿ ಕಂಪನಿಯೇನಲ್ಲ, ತಂಬಾಕಿನ ಗೋದಾಮಿನ ಮೇಲೆ ಎರಡು ಕೋಣೆ, ಹೊಳೆಯಿಂದ ಹೊಲಕ್ಕೆ ನೀರೆತ್ತುವ ಪಂಪುಗಳಿಗೆ ಪೆಟ್ಟಿಗೆ ಮಾಡುವವರು, ಪೆಟ್ಟಿಗೆಯೊಳಗೆ ಅಂಗೈಯಗಲದ ಕಂಪ್ಯೂಟರು, ಅದರ ಚಿಪ್ಪಿಗೆ ನೂರಾರು ಪಿನ್ನು, ಒಂದೊಂದು ಪಿನ್ನೂ ಮೂರು ನಾಲ್ಕು ಕೆಲಸ ಬಲ್ಲದು, ಯಾವುದನ್ನು ಮಾಡಬೇಕೆಂದು ಮೊದಲೇ ಹೇಳಬೇಕು, ಹೇಳುವವನು ಡ್ರೈವರ್ — ಡ್ರೈವರ್ ಅಂದ್ರ ಯಾರ ಬೇ, ಗಾಡಿ ಹೊಡ್ಯಾಂವನ ಅಂತ ಆಯಿ ಕೇಳಿದ್ದಳು, ಅಲ್ಲ ಆಯಿ, ಪಂಪಿಗೊಂದು, ವಾಲ್ವಿಗೊಂದು, ನೀರಿನ ಮಟ್ಟ ಅಳೆಯೋದಕ್ಕೊಂದು ಸಣ್ಣ ಸಣ್ಣ ಪ್ರೋಗ್ರಾಮು ಇರತಾವ, ಅವಕ್ಕ ಹಂಗ ಅಂತಾರ — ಅಂಥವು ನಲವತ್ತೊಂದು, ಎಲ್ಲದರ ಬಾಯಲ್ಲೂ ಅವೇ ಹನ್ನೆರಡು ಸಾಲು, ನನ್ನ ಪಿನ್ನು ಕೊಡು, ಸಿಗಲಿಲ್ಲವೆಂದರೆ ಹೀಗೆ ಮಾಡು, ಸಿಕ್ಕರೆ ಹೀಗೆ ಹೊಂದಿಸು, ಯಾವನೋ ಒಮ್ಮೆ ಬರೆದದ್ದನ್ನು ಎಲ್ಲರೂ ನಕಲು ಹೊಡೆದದ್ದು, ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು ಅವಳಿಗೆ, ಕಸ ಕಂಡರೆ ತಡೆಯದ ಕೈ, ಆಯಿಯದೇ ಕೈ. ಪಂಗ್ತಿಗೆ ಬಂದವರೆಲ್ಲ ತಂತಮ್ಮ ಎಲೆ ತಾವೇ ಯಾಕೆ ಹಾಸಿಕೊಳ್ಳಬೇಕು, ಮನೆಯವರೇ ಮೊದಲು ಸಾಲಾಗಿ ಹಾಸಿಟ್ಟರಾಯಿತು, ಹಾಗೆ ಎಲ್ಲ ಡ್ರೈವರುಗಳಿಗೂ ಯಜಮಾನನಂತಿರುವ ಮೂಲ ಪ್ರೋಗ್ರಾಮೇ ಒಂದೇ ಕಡೆ ಎಲ್ಲರ ಪಿನ್ನನ್ನೂ ಹೊಂದಿಸಿಬಿಡಲಿ, ಆಮೇಲೆ ಒಬ್ಬೊಬ್ಬರೇ ಏಳಲಿ, ದೊಡ್ಡವರೂ ಜಗತ್ತಿನಲ್ಲೆಲ್ಲ ಹೀಗೇ ಮಾಡುತ್ತಾರೆ, ಅವಳೇನೂ ಹೊಸದು ಕಂಡುಹಿಡಿದದ್ದಲ್ಲ. ನಾನೂರ ತೊಂಬತ್ತೆರಡು ಸಾಲು ತೆಗೆದಳು. ಪರದೆಯ ಮೇಲೆ ಅಳಿಸಿದ ಸಾಲಿಗೊಂದರಂತೆ ಕೆಂಪು ಗೆರೆ ಇಳಿದೇ ಇಳಿದವು. ಏಕ್ ನಂಬರ್ ಕೆಲಸ ಮಾಡ್ದಿ ನೋಡ ತೃಪ್ತಿ ಅಂದಿದ್ದರು ಮಾಲಕರಾದ ಶ್ರೇಣಿಕ ಸರ್, ಎಲ್ಲರಿಗೂ ಪೇಢೆ ತರಿಸಿದ್ದರು, ಅವಳು ಎರಡು ತಿಂದಿದ್ದಳು.

ಹಾಲಹಟ್ಟಿ ಬಂತೇನೋ, ಇಲ್ಲ, ಇನ್ನೂ ಯಾವುದೋ ಊರಿಗೆ ತಿರುಗುವ ಫಾಟಾ, ಒಬ್ಬ ಮುದುಕಿ ಹತ್ತಿದಳು, ಮಡಿಲಲ್ಲಿ ಕುಂಬಳಕಾಯಿ, ಸರೀಬೇ ತಂಗಿ ಅಂದಳು, ತೃಪ್ತಿ ಸರಿದಳು — ಸರಿಸಬೇಡ, ಅದೇ ಮಾತು, ಆ ಹನ್ನೆರಡರ ತಲೆಯ ಮೇಲೆ ಒಂದು ಟಿಪ್ಪಣಿ ಇತ್ತು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಇದನ್ನ ಇಲ್ಲಿಂದ ಸರಸಬ್ಯಾಡ ಅಂತ, ನೇಮಿನಾಥ ಸರ್ ಬರೆದದ್ದು, ಮೊದಲ ಪೆಟ್ಟಿಗೆ ಮಾಡಿದವರು, ಈಗ ಇಚಲಕರಂಜಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಒಂದೇ ಕಡೆ ಇದ್ದಿದ್ದರೆ ಕೇಳುತ್ತಿದ್ದಳು, ದೇವರಾಣೆ ಕೇಳುತ್ತಿದ್ದಳು, ಆದರೆ ನಲವತ್ತೊಂದು ಕಡೆಯೂ ಅದೇ ಟಿಪ್ಪಣಿ, ದೀಪ ಮಿನುಗಿಸುವ ಡ್ರೈವರಿನಲ್ಲೂ ಸರಸಬ್ಯಾಡ, ಗುಂಡಿ ಒತ್ತುವ ಡ್ರೈವರಿನಲ್ಲೂ ಸರಸಬ್ಯಾಡ, ಎಲ್ಲರಿಗೂ ಹೇಳಿದ ಮಾತು ಯಾರಿಗೂ ಹೇಳಿದ್ದಲ್ಲ ಅಂದುಕೊಂಡು ಹತ್ತರ ಕೂಡ ಹನ್ನೊಂದು ಅಂತ ಪಂಪಿನದನ್ನೂ ಅಳಿಸಿದಳು. ಎಲ್ಲ ಆದ ಮೇಲೆ ಫೋನು ಮಾಡಿದಾಗ ನೇಮಿನಾಥ ಸರ್, ಅದು ಪಂಪಿಗಂತ ಬರದದ್ದು ತಂಗಿ, ಉಳದವೆಲ್ಲ ಅದರ ಝೆರಾಕ್ಸ್ ಅಂದರು. ಪಂಪಿನ ಡ್ರೈವರು ಮೊದಲು ಕೀಲಿ ನೋಡುತ್ತಿತ್ತು, ಪಂಪಿಗೆ ಕೈ ಹಚ್ಚುವವನು ತೆಗೆದುಕೊಂಡು ಇಳಿಯುವ ಕೀಲಿ, ಪೆಟ್ಟಿಗೆಯಲ್ಲಿ ಕೀಲಿ ಇದ್ದರೆ ಮಾತ್ರ ಆ ಹನ್ನೆರಡು ಸಾಲಿಗೆ ಇಳಿಯುತ್ತಿತ್ತು, ಕೀಲಿ ಇಲ್ಲವೆಂದರೆ ಪಿನ್ನನ್ನು ಮುಟ್ಟುತ್ತಲೇ ಇರಲಿಲ್ಲ. ಅವಳು ಎಲೆ ಮೊದಲೇ ಹಾಸಿಟ್ಟಳು. ಕರೆಂಟು ಬಂದೊಡನೆ ಯಜಮಾನ ಎದ್ದು ಎಲ್ಲರ ಪಿನ್ನನ್ನೂ ಹೊಂದಿಸಿದ, ಪಂಪಿನ ಪಿನ್ನೂ ಬಂತು ಅದರಲ್ಲಿ, ಮೋಟರು ಎಳೆಯಿತು, ಆಮೇಲೆ ಪಂಪಿನ ಡ್ರೈವರು ಕಣ್ಣು ಬಿಟ್ಟು, ಅಯ್ಯೋ ಕೀಲಿ ಇಲ್ಲ ಅಂತ ನಿಲ್ಲಿಸಿತು, ನಡುವೆ ಅರ್ಧ ಸೆಕೆಂಡು, ಕಣ್ಣು ಮಿಟುಕಿಸುವಷ್ಟು. ಆಫೀಸಿನ ಮೇಜಿನ ಮೇಲೆ ಮೋಟರು ಎಲ್ಲಿಂದ ತರುವುದು, ಅದರ ಬದಲಿಗೆ ಒಂದು ಕೆಂಪು ದೀಪ, ಪರೀಕ್ಷೆ ಮಾಡುವಾಗ ಅದು ಒಮ್ಮೆ ಮಿನುಗಿತ್ತು, ಅವಳು ನೋಡಿದ್ದಳು, ಶುರುವಾಗುವಾಗ ಎಲ್ಲ ದೀಪಗಳೂ ಒಮ್ಮೆ ಮಿನುಗುತ್ತವೆ ಅಂದುಕೊಂಡಳು, ಇದನ್ನು ಶ್ರೇಣಿಕ ಸರ್‌ಗೂ ಹೇಳಿಲ್ಲ, ನೇಮಿನಾಥ ಸರ್‌ಗೂ ಹೇಳಿಲ್ಲ, ನೋಡಿದ್ದಳು.

ನೀರು ಸೋಸಿ ಕುಡಿಯುವ ಮನೆಯ ಹುಡುಗಿ, ನಲ್ಲಿಗೆ ಬಿಳಿ ಬಟ್ಟೆ ಕಟ್ಟಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವವೂ ಸಾಯಬಾರದೆಂದು ಅದನ್ನು ತಿರುಗಿ ನೀರಿಗೇ ಬಿಡುವ ಮನೆಯವಳು, ಆ ಅರ್ಧ ಸೆಕೆಂಡಿನಲ್ಲಿ ಪಂಪಿಗೆ ಕೈ ಹಚ್ಚಿದ್ದ ಒಬ್ಬ ಮನುಷ್ಯನ ನಾಲ್ಕು ಬೆರಳು ತೆಗೆದಳು. ಧರೆಪ್ಪನನ್ನು ಮೊದಲು ನೋಡಿದ್ದು ಎರಡು ವರ್ಷದ ಹಿಂದೆ, ಕುಡಚಿಯ ಆಚೆ, ಕೃಷ್ಣಾ ದಂಡೆಯ ಜಾಕ್‌ವೆಲ್ಲಿನಲ್ಲಿ, ಹೊಳೆಯ ನೀರು ತುಂಬುವ ಆಳದ ಬಾವಿಯಲ್ಲಿ, ಅರವತ್ತು ಮನೆಯವರ ಹೊಲಕ್ಕೆ ನೀರೆತ್ತುವ ಪಂಪು ಅವನ ಸುಪರ್ದಿ, ಕೆಳಗಿಳಿದು ಪಂಪಿಗೆ ಕೈ ಹಚ್ಚಬೇಕಾದಾಗ ಮೇಲಿನ ಬೋರ್ಡಿನಿಂದ ಮೂರೂ ಫ್ಯೂಸು ಕಿತ್ತು, ಪಂಚೆಯ ತುದಿಗೆ ಗಂಟು ಹಾಕಿಕೊಂಡು ಇಳಿಯುತ್ತಿದ್ದ, ಅವನ ಅಪ್ಪನೂ ಹಾಗೇ ಇಳಿಯುತ್ತಿದ್ದನಂತೆ, ದಿನಕ್ಕೆ ನಾಲ್ಕು ಸಲ ಇಳಿದರೆ ನಾಲ್ಕು ಸಲವೂ ಮೂರು ಫ್ಯೂಸು, ತೆಗಿ, ಕಟ್ಟು, ಇಳಿ, ಏರು, ಬಿಚ್ಚು, ಹಾಕು. ಅದನ್ನು ಬಿಡಿಸಿದವಳೂ ಅವಳೇ. ಹೊಸ ಪೆಟ್ಟಿಗೆ ಕೂಡಿಸಿದ ದಿನ ಕೀಲಿ ಅವನ ಅಂಗೈಯಲ್ಲಿಟ್ಟು ಹೇಳಿದ್ದಳು, ಇನ್ನ ಫ್ಯೂಸ್ ಕೀಳೋದು ಬ್ಯಾಡ ಕಾಕಾ, ಈ ಕೀಲಿ ನಿಮ್ಮ ಕಡೆ ಇದ್ರ ಸಾಕು, ಪಂಪ ಅಲಗ್ಯಾಡಂಗಿಲ್ಲ. ಖರೇನ ಏನ್ರಿ ಬಾಯಾರ ಅಂದ. ಖರೇನ, ಮಿಷನ್ ಸುಳ್ಳ ಹೇಳಂಗಿಲ್ಲ ಅಂದಳು. ಅವನು ಅಲ್ಲೇ ಅಂಗಿ ಎತ್ತಿ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ, ಎಲ್ಲರೂ ನಕ್ಕರು, ಅವಳೂ ನಕ್ಕಳು. ಹನ್ನೊಂದು ದಿನದ ಹಿಂದೆಯೂ ಕಟ್ಟಿಕೊಂಡೇ ಇಳಿದಿದ್ದಾನೆ, ಹಾಳೆಯಲ್ಲಿದೆ, ಪೆಟ್ಟಿಗೆ ತಾನೇ ಬರೆದಿಟ್ಟದ್ದು, ಹತ್ತು ನಲವತ್ತೆರಡಕ್ಕೆ ಕೀಲಿ ಹೊರಗೆ, ಹತ್ತು ನಲವತ್ತೇಳಕ್ಕೆ ಕರೆಂಟು ಹೋಯಿತು, ಹತ್ತು ಐವತ್ತೊಂದಕ್ಕೆ ಕರೆಂಟು ಬಂತು, ಹನ್ನೆರಡೂ ಹದಿನಾರಕ್ಕೆ ಕೀಲಿ ಒಳಗೆ. ಆ ಕೊನೆಯ ಸಾಲೇ ಅವನನ್ನು ತಪ್ಪಿತಸ್ಥ ಮಾಡಿದ್ದು. ಅವನನ್ನು ಮೇಲೆತ್ತಿ ಜೀಪಿಗೆ ಹಾಕಿದ ಗದ್ದಲದಲ್ಲಿ ಯಾರೋ ಉಡದಾರದ ಕೀಲಿ ಬಿಚ್ಚಿಕೊಂಡು ಪೆಟ್ಟಿಗೆಗೆ ಹಾಕಿ ಪಂಪು ಶುರು ಮಾಡಿದ್ದಾರೆ, ನೀರಿನ ಪಾಳಿ ತಪ್ಪುತ್ತದಲ್ಲ, ಸಂಜೆ ಕಂಪನಿಯವರು ಹೋದಾಗ ಕೀಲಿ ಪೆಟ್ಟಿಗೆಯಲ್ಲೇ ಇತ್ತು, ಹಾಕಿದವನು ಬಾಯಿ ಬಿಡಲಿಲ್ಲ, ಧರೆಪ್ಪ ಕೀಲಿ ತೆಗೆಯದೆ ಇಳಿದ ಅಂತ ವರದಿ ಆಯಿತು, ಊರೂ ಹಾಗೇ ಅಂದಿತು. ಮಾರನೆಯ ದಿನ ಅವಳು ತಪ್ಪು ಹುಡುಕಿದಳು, ಮಧ್ಯಾಹ್ನದೊಳಗೆ ಆ ಹನ್ನೆರಡು ಸಾಲನ್ನು ಪಂಪಿನ ಡ್ರೈವರಿಗೆ ತಿರುಗಿ ಹಾಕಿದಳು, ಮುನ್ನೂರು ಪೆಟ್ಟಿಗೆಗೂ ಕಳಿಸಿದಳು, ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಭದ್ರವಾಯಿತು. ಶ್ರೇಣಿಕ ಸರ್ ಕೋಣೆಯ ಬಾಗಿಲು ಮುಂದೆ ಮಾಡಿ, ರಿಪೋರ್ಟ್ ಹೋಗೇತಿ, ನೀ ಸರಿ ಮಾಡೀ, ಇನ್ನ ಯಾರಿಗೂ ಏನೂ ಆಗಂಗಿಲ್ಲ, ಮತ್ಯಾಕ ಕೆದರತಿ, ಏನ ಬದಲಾತು ಅನ್ನೋ ಕಡೆ ಸಣ್ಣ ಸುಧಾರಣೆ ಅಂತ ಬರಿ ಅಂದರು. ಬರೆದಳು. ಅವಳದೇ ಬೆರಳು, ಹತ್ತೂ ನೆಟ್ಟಗಿದ್ದವು.

ಇಳೀರಿ ಚಿಕ್ಕೋಡಿ, ಇಳಿದಳು, ಬಿಸಿಲು, ಬಾಳೆಹಣ್ಣು ತಗೊಳ್ಳಬೇಕೇ, ಬೆರಳು ತೆಗೆದವಳು ಬಾಳೆಹಣ್ಣು ಒಯ್ಯುವುದೇ, ಬೇಡ, ಆದರೂ ಬರಿಗೈಯಲ್ಲಿ ಹೋದರೆ ಏನಂದುಕೊಂಡಾರು, ತಗೊಂಡಳು, ಆಸ್ಪತ್ರೆಯ ಮೆಟ್ಟಿಲು ಹನ್ನೆರಡಲ್ಲ, ಎಣಿಸಬೇಡ. ಜೈನರೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಕ್ಷಮಾವಣಿಯ ದಿನ ಎಲ್ಲ ಸಂಬಂಧಿಕರಿಗೆ ಉತ್ತಮ ಕ್ಷಮಾ ಅಂತ ಒಂದೇ ಮೆಸೇಜು ಕಳಿಸುತ್ತಾಳೆ, ಕೈಮುಗಿದ ಚಿತ್ರ, ತಿಳಿದೋ ತಿಳಿಯದೆಯೋ ಅಂತ, ಬೆರಳಿನ ಒಂದು ತಟ್ಟಿಗೆ ನೂರು ಜನಕ್ಕೆ ಹೋಗುತ್ತದೆ, ಎದುರಿಗೆ ನಿಂತು ಒಬ್ಬರನ್ನೂ ಕೇಳಿ ಗೊತ್ತಿಲ್ಲ, ಬಾಯಿ ಹೇಗೆ ತೆರೆಯುವುದು. ವಾರ್ಡಿನ ಬಾಗಿಲಲ್ಲಿ ಹೊಳೆವ್ವ, ಧರೆಪ್ಪನ ಹೆಂಡತಿ, ಡಬ್ಬಿ ತೊಳೆದುಕೊಂಡು ಬರುತ್ತಿದ್ದಳು, ಗುರುತು ಹಿಡಿದಳು, ಪೆಟಗಿ ಕುಂಡರಸಾಕ ಬಂದಿದ್ರಲ್ಲ ನೀವ, ಬರ್ರಿ, ಅಷ್ಟ ದೂರಿಂದ ಬಂದೀರಿ, ಅಂದಳು, ಬೈಯಲಿಲ್ಲ, ಬೈಯಬಾರದೇ ಇವಳು. ಹಾಸಿಗೆಯ ಮೇಲೆ ಧರೆಪ್ಪ ಗೋಡೆಗೆ ಒರಗಿ ಕೂತಿದ್ದ, ಅವಳನ್ನು ಕಂಡು ಏಳಲು ಹೋದ, ಬೇಡ ಬೇಡ ಅಂದಳು, ಸ್ಟೂಲು ಎಳೆದುಕೊಂಡಳು, ಹಾಳೆ ತೆಗೆದಳು, ಬಿಚ್ಚಿದಳು, ಬಾಯಿ ತಂತಾನೇ ತೆರೆದುಕೊಂಡಿತು, ಕಾಕಾ ನೀವು ಕೀಲಿ ತಗೊಂಡ ಇಳದಿದ್ರಿ, ಇಲ್ಲಿ ಬರದೈತಿ ನೋಡ್ರಿ, ನಾ ಒಳಗಿನ ಬರವಣಿಗಿ ಬದಲ ಮಾಡಿದ್ದೆ, ಅದರಿಂದ ಆತು, ತಪ್ಪು ನಂದು, ನಿಮ್ಮದಲ್ಲ. ಹೇಳಿಬಿಟ್ಟಳು, ಅಷ್ಟೇ, ಹನ್ನೊಂದು ದಿನ ಹೊತ್ತದ್ದು ನಾಲ್ಕು ಉಸಿರಿಗೆ ಮುಗಿಯಿತು. ಅವನು ಎಡಗೈಯಿಂದ ಹಾಳೆ ಇಸಿದುಕೊಂಡು ಬೆಳಕಿಗೆ ಹಿಡಿದ, ಇಂಗ್ಲಿಷ್ ಅಕ್ಷರ, ಬರೀ ಗಂಟೆ ನಿಮಿಷ, ಬಹಳ ಹೊತ್ತು ನೋಡಿದ.

ಇದ್ರಾಗ ನನ್ನ ಹೆಸರ ಐತೇನ್ರಿ ಬಾಯಾರ ಅಂತ ಕೇಳಿದ. ಹೆಸರಿಲ್ಲ, ಹೆಸರು ಪೆಟ್ಟಿಗೆಗೆ ಗೊತ್ತಿಲ್ಲ ಅಂದಳು. ಅವನು ನಕ್ಕ, ನಗುವುದೆಂದರೆ ತುಟಿ ಸ್ವಲ್ಪ ಸರಿಸಿದ, ಹಾಳೆಯನ್ನು ಅದೇ ಮಡಿಕೆಗೆ ಒಂದೇ ಕೈಯಲ್ಲಿ ಮಡಿಚಿ ಅವಳ ಮಡಿಲಲ್ಲಿಟ್ಟ, ನೀವ ಸಣ್ಣವರದೀರಿ, ನನ್ನ ಸಮಾಧಾನಕ್ಕ ಹೇಳಾಕತ್ತೀರಿ, ಮಿಷನ್ ಸುಳ್ಳ ಹೇಳಂಗಿಲ್ಲಂತ ನೀವ ಅಂದಿದ್ರಿ, ಮನಿಷ್ಯಾಗ ಮರವು ಐತ್ರಿ, ಕೀಲಿ ಪೆಟಗ್ಯಾಗ ಇತ್ತಂತ ಎಲ್ಲಾರೂ ನೋಡ್ಯಾರ, ನಾನ ಮರ್ತಿರಬೇಕು ಅಂದ. ಹೊಳೆವ್ವ ತಲೆ ತಗ್ಗಿಸಿಕೊಂಡು ಹೇಳಿದಳು, ನಿನ್ನೆ ಆ ಅರವತ್ತು ಮನೆಯವರ ನೀರಿನ ಸೊಸೈಟಿಯ ಅಧ್ಯಕ್ಷರು ಬಂದಿದ್ದರಂತೆ, ನಾನೇ ಮರೆತೆ ಅಂತ ಬರೆದ ಕಾಗದಕ್ಕೆ ಎಡಗೈ ಹೆಬ್ಬೆರಳು ಒತ್ತಿಸಿಕೊಂಡರಂತೆ, ಇನ್ನು ಪಂಪಿನ ಕೆಲಸ ಇವನ ತಮ್ಮ ಮಾಳೇಶನಿಗೆ ಕೊಡುತ್ತಾರಂತೆ, ಈಗ ಮತ್ತೊಂದು ಮಾತು ಎದ್ದರೆ ಅದೂ ಹೋದೀತು, ಯವ್ವಾ ನಿನ್ನ ಕಾಲ ಬೀಳ್ತೀನಿ, ಇನ್ನ ಯಾರ ಮುಂದೂ ಇದನ್ನ ತಗೀಬ್ಯಾಡ. ಹಾಗಾದರೆ ನಿಜಕ್ಕೆ ಎಲ್ಲಿ ಜಾಗ, ಆಫೀಸಿನಲ್ಲಿ ಅದಕ್ಕೆ ಸಣ್ಣ ಸುಧಾರಣೆ ಅಂತ ಹೆಸರು, ಊರಲ್ಲಿ ಹೆಬ್ಬೆರಳಿನ ಗುರುತು, ಈ ಹಾಸಿಗೆಯ ಮೇಲೆ ಸಮಾಧಾನದ ಮಾತು, ಇನ್ನೊಮ್ಮೆ ಹೇಳು, ಕೆಂಪು ದೀಪ ಮಿನುಗಿದ್ದನ್ನೂ ಹೇಳು, ನಂಬುವವರೆಗೂ ಹೇಳು — ಹೇಳಿ ಏನು ಮಾಡುತ್ತೀ, ಮಾಳೇಶನ ಕೆಲಸವನ್ನೂ ತೆಗೆಯುತ್ತೀಯಾ, ತೆಗೆಯುವುದರಲ್ಲಿ ನಿನ್ನ ಕೈ ಪಳಗಿದೆ — ಚಹಾ ತರಸ್ಲೇನ್ರಿ ಅಂತ ಧರೆಪ್ಪ ಅನ್ನುತ್ತಿದ್ದಾನೆ, ಅನ್ನುತ್ತಿದ್ದಂತೆ ಅವನ ಬಲಗೈ, ಬಿಳಿ ಪಟ್ಟಿ ಸುತ್ತಿದ ಮುದ್ದೆ, ಹೆಬ್ಬೆರಳೊಂದೇ ಹೊರಗೆ, ಚಾದರದಿಂದ ತಾನಾಗಿಯೇ ಎದ್ದು ಸೊಂಟಕ್ಕೆ ಹೋಯಿತು, ಅಂಗಿಯ ಅಡಿಗೆ ತಡಕಾಡಿತು, ಆಪರೇಶನ್ನಿಗೆ ಒಯ್ಯುವಾಗ ಉಡದಾರ ಕತ್ತರಿಸಿದ್ದಾರೆ, ಅಲ್ಲಿ ಏನೂ ಇಲ್ಲ, ವಾಪಸು ಬಂತು. ಹಗಲೂ ರಾತ್ರಿ ಇದ ನೋಡ್ರಿ, ಕಟ್ಟಿದ್ನೇನ, ಇಲ್ಲೇನ, ಅಂತ ಮೆಲ್ಲಗೆ ಹೊಳೆವ್ವ. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು, ಅವನು ಚಹಾದ ಮಾತೇ ಆಡುತ್ತಿದ್ದಾನೆ, ಸಕ್ಕರೆ ಕಡಿಮೆಯೇ ಅಂತ ಕೇಳುತ್ತಿದ್ದಾನೆ, ತೃಪ್ತಿ ಹ್ಞೂಂ ಅಂದಳು, ಕಿಟಕಿಯ ಕಡೆ ನೋಡಬೇಕು, ಬಾಗಿಲ ಕಡೆ ನೋಡಬೇಕು, ಪಟ್ಟಿ ಸುತ್ತಿದ ಕೈ ಎದ್ದಿತು, ಸೊಂಟಕ್ಕೆ ಹೋಯಿತು, ಹೆಬ್ಬೆರಳು ಒಂದೇ ಅಲ್ಲಿ ದಾರ ಹುಡುಕಿತು, ವಾಪಸು ಬಂತು, ಚಾದರದ ಮೇಲೆ ಮಲಗಿತು, ಎದ್ದಿತು, ಸೊಂಟಕ್ಕೆ ಹೋಯಿತು,