ಸಾರಾಳ ಬೂಟಿನೊಳಗಿನ ಮರಳು

ಗೆರ್ಡೀನಾಳ ಮನೆಗೆ ಹೋಗುವಾಗ ನಾನು ಮಕ್ಕಳ ಮೂಗು, ಉಗುರು, ಕಿವಿಯ ಹಿಂಬದಿ ಎಲ್ಲ ಒರೆಸಿಯೇ ಕರೆದುಕೊಂಡು ಹೋಗುವುದು. ಅವಳು ನನ್ನ ಗಂಡನ ಅಕ್ಕ. ವಾಲ್ ನದಿಯ ನೀರು ತಡೆಯುವ ಮಣ್ಣಿನ ಏರಿಯ ಬುಡದಲ್ಲೇ ಅವಳ ಮನೆ. ದಾರಿಯ ಆಚೆ, ಇನ್ನೂ ತಗ್ಗಿನಲ್ಲಿ, ನಮ್ಮದು. ಅವಳ ಮುಂದಿನ ಕಿಟಕಿಗೆ ಪರದೆಯಿಲ್ಲ. ದಾರಿಯಲ್ಲಿ ಹೋಗುವವರು ಒಳಗೆ ನೋಡಲಿ, ನೋಡಿ ಒಂದು ಕಸದ ಕಡ್ಡಿ ತೋರಿಸಲಿ ಎಂಬ ಪಂಥ ಅವಳದು. ಹೊಸ್ತಿಲ ಕಲ್ಲನ್ನು ಸೋಪು ಹಾಕಿ ಉಜ್ಜುತ್ತಾಳೆ. ಹಾಸುಗಲ್ಲುಗಳ ಸಂದಿಯಲ್ಲಿ ಹುಲ್ಲು ಹುಟ್ಟಿದರೆ ಹಳೆಯ ಊಟದ ಚಾಕು ಹಿಡಿದು ಕೆರೆಯುತ್ತಾಳೆ.

ಆ ಚಳಿಗಾಲ ನದಿ ಏರಿತು. ನದಿ ಹರಿದು ಬರುವ ಜರ್ಮನಿಯ ಕಡೆ ಹಿಮ ಕರಗಿತ್ತು, ಅದರ ಮೇಲೆ ಮಳೆಯೂ ಹೊಡೆದಿತ್ತು. ನೀರು ಏರಿಯ ಆಚೆಯ ಹುಲ್ಲುಗಾವಲನ್ನೆಲ್ಲ ನುಂಗಿ, ನಮ್ಮ ಅಡುಗೆಮನೆಯ ಕಿಟಕಿಗಿಂತ ಎತ್ತರದಲ್ಲಿ ನಿಂತಿತ್ತು. ದೋಣಿಗಳ ಓಡಾಟ ನಿಲ್ಲಿಸಿದ್ದರು. ಸರಕುದೋಣಿ ನಡೆಸುವ ನನ್ನ ಗಂಡ ಜರ್ಮನಿಯ ಯಾವುದೋ ಬಂದರಿನಲ್ಲಿ ಸಿಕ್ಕಿಕೊಂಡಿದ್ದ. ಇಂಥ ಹೊತ್ತಿನಲ್ಲಿ ಏರಿ ಕಾಯುವುದು ಊರಿನವರ ಕೆಲಸ. ಜಲಮಂಡಳಿಯವರು ಮೊದಲೇ ಕಲಿಸಿ, ಇಬ್ಬಿಬ್ಬರನ್ನು ಜೋಡಿ ಮಾಡಿ, ಏರಿಯ ಒಂದೊಂದು ತುಂಡನ್ನು ವಹಿಸಿರುತ್ತಾರೆ. ನನ್ನ ಜೋಡಿ ತೂನಿಸ್. ಹಸು ಸಾಕಿದವನು, ಬಾಯಿ ಮುಚ್ಚಿದವನಲ್ಲ.

ನಾವು ನೋಡಬೇಕಾದ್ದು ನದಿಯನ್ನಲ್ಲ, ಏರಿಯ ಈಚೆಯ ಬುಡವನ್ನು. ಆಚೆಯಿಂದ ಅಷ್ಟು ನೀರು ಒತ್ತುವಾಗ ಏರಿಯ ಕೆಳಗಿನಿಂದ ನುಸುಳಿ ಈಚೆ ಒಸರುತ್ತದೆ. ತಿಳಿನೀರಾದರೆ ಒಸರಲಿ ಎಂದು ಬಿಡುತ್ತೇವೆ. ನೀರಿನ ಜೊತೆ ಮರಳು ಬಂದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಗಂಜಿ ಕುದಿಯುವ ಹಾಗೆ ಬುಳುಬುಳು ಎದ್ದು, ಸುತ್ತ ಬೂದುಬಣ್ಣದ ಮರಳಿನ ಗುಪ್ಪೆ ಕಟ್ಟುತ್ತದೆ. ಆ ಗುಪ್ಪೆಯ ಒಂದೊಂದು ಕಾಳೂ ಏರಿಯ ಹೊಟ್ಟೆಯ ಕೆಳಗಿನಿಂದ ಬಂದದ್ದು. ಹಾಗೇ ಬಿಟ್ಟರೆ ಕೆಳಗೆ ಟೊಳ್ಳಾಗಿ ಏರಿ ಕುಸಿದು ಕೂತುಬಿಡುತ್ತದೆ. ಮುಚ್ಚಲೂ ಬಾರದು, ಒಂದು ಬಾಯಿ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ. ಸುತ್ತ ಮರಳುಚೀಲಗಳ ಕಟ್ಟೆ ಕಟ್ಟಿ, ಬಾವಿಯ ಹಾಗೆ ಒಳಗೆ ನೀರು ಏರಲು ಬಿಡಬೇಕು. ನಿಂತ ನೀರಿನ ಭಾರ ಕೆಳಗಿನ ನೀರನ್ನು ಅದುಮುತ್ತದೆ. ಮರಳು ನಿಂತು ತಿಳಿ ಮಾತ್ರ ಬರುತ್ತದೆ. ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಇದು ಗೊತ್ತು. ಗೆರ್ಡೀನಾಳಿಗೂ ಗೊತ್ತು.

ಆ ಶನಿವಾರ ಅವಳಿಗೆ ಐವತ್ತು ತುಂಬಿತ್ತು. ಐವತ್ತಾದ ಹೆಂಗಸು ‘ಸಾರಾಳನ್ನು ಕಂಡಳು’, ಬೈಬಲಿನ ಆ ಮುದುಕಿಯನ್ನು, ಎನ್ನುತ್ತೇವೆ ನಾವು. ಅವಳ ಅಂಗಳದಲ್ಲಿ ಹುಲ್ಲು ತುಂಬಿದ ಮುದುಕಿ ಗೊಂಬೆಯೊಂದನ್ನು ಕೂರಿಸಿ ನಗಾಡುತ್ತೇವೆ. ನಾನೂ ಮಕ್ಕಳೂ ಒಂದು ವಾರ ಮೊದಲೇ ಸಾರಾಳನ್ನು ಮಾಡಿಟ್ಟಿದ್ದೆವು. ನನ್ನ ಅತ್ತೆಯ, ಅಂದರೆ ಗೆರ್ಡೀನಾಳ ತಾಯಿಯ, ಹಳೆಯ ಕೋಟು, ಹೂವಿನ ಸ್ಕಾರ್ಫು, ನನ್ನ ಗಂಡನ ದೊಡ್ಡ ರಬ್ಬರ್ ಬೂಟು. ತುಟಿಗೆ ಬಣ್ಣ ಬಳಿದವಳು ನನ್ನ ಕಿರಿಯವಳು, ಫೆನ್ನಾ. ಶುಕ್ರವಾರ ಸಂಜೆ ಮುಂದಿನ ಗೇಟಿನ ಪಕ್ಕ ಕುರ್ಚಿ ಹಾಕಿ, ದಾರಿಗೆ ಮುಖ ಮಾಡಿ ಕೂರಿಸಿ ಬಂದಿದ್ದೆವು.

ಶನಿವಾರ ಮಧ್ಯಾಹ್ನ ಮಕ್ಕಳನ್ನು ಅತ್ತೆಯ ಜೊತೆ ಹುಟ್ಟುಹಬ್ಬಕ್ಕೆ ಕಳಿಸಿ, ನಾನು ತೂನಿಸ್ ಜೊತೆ ಏರಿಯ ಬುಡದ ಹಾದಿ ಹಿಡಿದೆ.

“ಕೇಕು ಅಂತೆ ನಿಮ್ಮತ್ತಿಗೆ ಮನೇಲಿ. ನನ್ನನ್ನ ಕರೆದೇ ಇಲ್ಲ ನೋಡು,” ಎಂದ.

“ಆ ಬೂಟು ನೋಡಿದ ಮೇಲೆ ಯಾರು ಕರೀತಾರೆ?”

“ಬೂಟು ಹೊರಗೆ ಬಿಡ್ತೀನಪ್ಪ.”

“ನಿನ್ನ ಕಾಲುಚೀಲ ಇನ್ನೂ ಘೋರ, ತೂನಿಸ್.”

ಗೆರ್ಡೀನಾಳ ಹಿತ್ತಲಿನ ಬೇಲಿಯ ಹತ್ತಿರ ಅವನು ನಿಂತ. “ಅರೆ, ಮುದುಕಿ ಎದ್ದು ನಡ್ಕೊಂಡು ಬಂದಿದ್ದಾಳಲ್ಲೇ!”

ಸಾರಾ ಹಿತ್ತಲಲ್ಲಿದ್ದಳು. ಏರಿಯ ಬುಡಕ್ಕೆ ತಾಗಿದ ಮೂಲೆಯಲ್ಲಿ, ದಾರಿಗೆ ಬೆನ್ನು ಹಾಕಿ, ಕೋಟಿನ ಅಂಚನ್ನು ನೆಲದ ತುಂಬ ಹರಡಿಕೊಂಡು ಕೂತಿದ್ದಳು. ಯಾರಿಗೆ ತೋರಿಸಲು ಅಲ್ಲಿ ಕೂರಿಸಿದರು? ನಾನು ಬೇಲಿ ದಾಟಿ ಅವಳ ಕಾಲೆತ್ತಿದೆ. ಹುಲ್ಲಿನ ಕಾಲು ಕಲ್ಲಿನಷ್ಟು ಭಾರವಿತ್ತು. ಬೂಟು ಕಿತ್ತು ಬಗ್ಗಿಸಿದೆ. ನೀರು, ಆಮೇಲೆ ನುಣ್ಣಗಿನ ಬೂದುಬಣ್ಣದ ಮರಳು, ಸುರಿಯುತ್ತಲೇ ಇತ್ತು.

ಕೋಟಿನ ಅಂಚು ಸರಿಸಿದರೆ ಕೆಳಗೆ ಗಂಜಿ ಕುದಿಯುತ್ತಿತ್ತು. ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯಿತು. ಮೊಳದ ಆಚೆ ಹೊಸ ಸಿಮೆಂಟಿನ ತೇಪೆ. ಅದರ ಮೇಲೆ ಪೊರಕೆಯ ಗೀರುಗಳು ನೀಟಾಗಿ ಮೂಡಿದ್ದವು. ಗೋಡೆಗೆ ಒರಗಿಸಿದ ಕೈಗಾಡಿಯ ಮೇಲೆ ಟಾರ್ಪಾಲು ಮುಚ್ಚಿತ್ತು. ಎತ್ತಿ ನೋಡಿದೆ. ಗಾಡಿಯ ತುಂಬ ಗುಡಿಸಿ ಒಟ್ಟಿದ ಮರಳು.

ನಾವು ದಿನವೂ ಈ ಬೇಲಿಯ ಪಕ್ಕ ಹಾದುಹೋಗಿದ್ದೆವು. ದಿನವೂ ತೊಳೆದ ಹಾಸುಗಲ್ಲು ನೋಡಿ ‘ಇಲ್ಲಿ ಏನಿಲ್ಲ’ ಎಂದುಕೊಂಡಿದ್ದೆವು.

ತೂನಿಸ್ ನಗುವುದನ್ನು ನಿಲ್ಲಿಸಿದ್ದ. “ಚೀಲದ ಟ್ರ್ಯಾಕ್ಟರ್ ಕರೆಸ್ತೀನಿ. ಪಕ್ಕದ ಗೇಟಿಗೆ ಬೀಗ ಇದೆ, ಕೀಲಿ ತಗೊಂಡು ಬಾ. ಮಕ್ಕಳನ್ನ ಆಚೆ ಕಳಿಸು, ಯೋರೀನ್. ಮೊದಲು ಮಕ್ಕಳನ್ನ.”

ಒಳಗೆ ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರೂ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕೂತಿದ್ದರು. ಫೆನ್ನಾ ಅಜ್ಜಿಯ ತೊಡೆಯ ಮೇಲಿದ್ದಳು, ಮೂಗಿನ ತುದಿಗೆ ಕೆನೆ.

“ಬೂಟು!” ಎಂದಳು ಗೆರ್ಡೀನಾ.

“ಪಕ್ಕದ ಗೇಟಿನ ಕೀಲಿ ಕೊಡು. ಹಿತ್ತಲಲ್ಲಿ ಬುಗ್ಗೆ ಎದ್ದಿದೆ.”

“ಮೊದಲು ಎಲ್ಲರ ಕೈ ಕುಲುಕಿ ಶುಭಾಶಯ ಹೇಳ್ತಾರೆ ಕಣೇ. ಎಲ್ಲಿ ಬೆಳೆದೆ ನೀನು?”

“ಮರಳು ಬರ್ತಿದೆ, ಗೆರ್ಡೀನಾ.”

ಅವಳು ಗಂಡನ ಕಡೆ ನೋಡಿದಳು. ಹಾರ್ಮೆನ್ ಚಮಚ ನೆಕ್ಕಿ ಕೆಳಗಿಟ್ಟ. “ಸಿಮೆಂಟ್ ಹಾಕಿದ್ದೆ ನಾನು. ಬುಧವಾರ ಸಣ್ಣದೇ ಇತ್ತಪ್ಪ ಅದು.”

“ಬುಧವಾರದಿಂದ?”

“ಕಿರುಚಬೇಡ, ಜನ ಇದ್ದಾರೆ,” ಎಂದಳು ಗೆರ್ಡೀನಾ. “ದಿನಾ ಬೆಳಗ್ಗೆ ನಾನೇ ಗುಡಿಸಿ ತೊಳೀತಿದ್ದೆ. ಎಷ್ಟು ಅಸಹ್ಯ ಗೊತ್ತಾ ಅದು? ಪಾಯಿಖಾನೆ ಕಕ್ಕಿದ ಹಾಗೆ ಉಕ್ತಾನೇ ಇರತ್ತೆ. ಸಿಮೆಂಟ್ ಹಾಕಿದ್ರೆ ಪಕ್ಕದಲ್ಲಿ ಬಂತು. ಕರೆದ್ರೆ ನೀವೆಲ್ಲ ಬಂದು ಹುಲ್ಲುಹಾಸು ತುಳಿದು, ಕೊಳಕು ಚೀಲ ಪೇರಿಸಿ ಹೋಗ್ತೀರಿ. ಇವತ್ತೊಂದು ದಿನ ಕಳೀಲಿ ಅಂತ ಸಾರಾನ ಕೂರಿಸ್ದೆ. ನಾಳೆ ನಾನೇ ಫೋನ್ ಮಾಡ್ತಿದ್ದೆ.”

“ನಾಳೆ! ನಿನ್ನ ಮನೆಗಿಂತ ತಗ್ಗಲ್ಲಿ ನನ್ನ ಮಕ್ಕಳು ಮಲಗ್ತಾರೆ.”

ಪಕ್ಕದ ಮನೆಯ ಹೆಂಗಸು ತಟ್ಟೆ ನೋಡುತ್ತಲೇ ಹೇಳಿದಳು, “ಬೆಳಗ್ಗೆ ನನ್ನ ಕಣ್ಣಿಗೂ ಬಿತ್ತು. ಹುಟ್ಟುಹಬ್ಬದ ದಿನ ಹೇಗೆ ಹೇಳೋದು ಅಂತ...” ಹಾರ್ಮೆನ್‌ನ ತಮ್ಮ ಗಂಟಲು ಸರಿಮಾಡಿಕೊಂಡ. “ಕಾಫಿ ಒಂದು ಮುಗಿಸಿಬಿಡೋಣ. ಆಮೇಲೆ ಎಲ್ಲರೂ ಕೈ ಹಾಕೋಣ.”

ನನಗೆ ವಾಕರಿಕೆ ಬಂತು. ಹೊರಗಿನ ಕೊಳೆತ ಮೊಟ್ಟೆಯ ನಾತಕ್ಕೆ ಬಾರದ ವಾಕರಿಕೆ, ಆ ಸೋಪಿನ ಪರಿಮಳಕ್ಕೆ, ಆ ಕೆನೆಗೆ, ಬಟ್ಟಲ ಮೇಲೆ ಬಟ್ಟಲಿಟ್ಟ ಹಾಗೆ ಒಪ್ಪವಾಗಿ ಕೂತಿದ್ದ ಆ ಜನಕ್ಕೆ ಬಂತು.

ಅತ್ತೆ ಎದ್ದರು. ಫೆನ್ನಾಳನ್ನು ಸೊಂಟಕ್ಕೆ ಏರಿಸಿ, ದೊಡ್ಡ ಮಕ್ಕಳಿಬ್ಬರಿಗೆ ಕೋಟು ಎಸೆದು, ಮಗಳ ಮುಂದೆ ಕೈ ಚಾಚಿದರು. “ಕೀಲಿ.”

“ಅಮ್ಮಾ, ನೀವೂ...”

“ಕೀಲಿ ಕೊಡು ಅಂದೆ. ನಿನ್ನನ್ನ ಹೆತ್ತಾಗಲೂ ಕೊಳಕೇ ಆಗಿತ್ತು, ಗೆರ್ಡೀನಾ. ನಾನೇನು ಗೊಂಬೆ ಮುಚ್ಚಿಟ್ಟಿದ್ನಾ?”

ಕೀಲಿಯನ್ನು ನನ್ನ ಕೈಗೆ ಹಾಕಿ, ಮಕ್ಕಳನ್ನು ಕರೆದುಕೊಂಡು ಅವರು ಚರ್ಚಿನ ದಿಬ್ಬಕ್ಕೆ ಹೊರಟರು. ಊರಲ್ಲಿ ಎತ್ತರದ ಜಾಗ ಅದೊಂದೇ. ಫೆನ್ನಾ ಅಜ್ಜಿಯ ಹೆಗಲ ಮೇಲಿನಿಂದ ಕೈ ಬೀಸಿದಳು, ಎಲ್ಲಿಗೋ ಸವಾರಿ ಹೊರಟವಳ ಹಾಗೆ.

ಟ್ರ್ಯಾಕ್ಟರ್ ಹುಲ್ಲುಹಾಸನ್ನು ಉತ್ತ ಹೊಲ ಮಾಡಿಕೊಂಡು ಬಂತು. ಮನೆಯೊಳಗಿದ್ದವರೂ ಒಬ್ಬೊಬ್ಬರಾಗಿ ಬಂದರು. ಹೊಳೆಯುವ ಬೂಟಿನವರು, ರೇಷ್ಮೆ ಅಂಗಿಯವರು, ನನ್ನ ಮುಖ ನೋಡದೆ ಸಾಲಾಗಿ ನಿಂತು ಚೀಲ ದಾಟಿಸಿದರು. ಸಾರಾಳನ್ನು ಎಳೆದಾಗ ಕಾಲು ಕಿತ್ತುಬಂತು. ಒಳಗಿನ ಒದ್ದೆ ಹುಲ್ಲಿನ ತುಂಬ ಎರೆಹುಳ. ಮೊದಲ ಸುತ್ತು ಕಟ್ಟುವಷ್ಟರಲ್ಲಿ ಸಿಮೆಂಟಿನ ತೇಪೆ ಟಪ್ಪೆಂದು ಬಿರಿದು ಅಲ್ಲಿಂದಲೂ ಮರಳು ಕಾರತೊಡಗಿತು.

“ಬಿಚ್ಚಿ, ಬಿಚ್ಚಿ! ಎರಡನ್ನೂ ಸೇರಿಸಿ ದೊಡ್ಡದಾಗಿ ಕಟ್ಟಬೇಕು,” ಎಂದು ತೂನಿಸ್ ಕೂಗಿದ. “ಹಾರ್ಮೆನ್, ಸಿಮೆಂಟ್ ಕಲಸಿದ ಕೈ ಎಲ್ಲಪ್ಪ? ಇಲ್ಲಿ ಹಾಕು!”

ಕಟ್ಟಿದ್ದನ್ನು ಕಿತ್ತು ಮತ್ತೆ ಕಟ್ಟಿದೆವು. ನಾನು ಮೊಣಕಾಲೂರಿ ಚೀಲಗಳ ಸಂದಿ ಅದುಮಿ ಬಿಗಿ ಮಾಡುತ್ತಿದ್ದೆ; ಅಂಗೈಯ ಕೆಳಗೆ ನೆಲ ಹಳಸಿದ ಹಿಟ್ಟಿನ ಹಾಗೆ ಅದುರುತ್ತಿತ್ತು. ತಲೆಯೆತ್ತಿದರೆ ಏರಿ, ಅದರ ಆಚೆ ಕಾಣದ ನದಿ. ಒಳಗೆ ನೀರು ಏರಿತು. ಕದಡು, ಕದಡು, ಕದಡು. ಇನ್ನೊಂದು ಸುತ್ತು ಏರಿಸಿದೆವು. ಆಮೇಲೆ ಬುಳುಬುಳು ಸಣ್ಣದಾಯಿತು. ಮರಳು ತಳಕ್ಕೆ ಕೂತು, ಚೀಲದ ಅಂಚಿನಿಂದ ತಿಳಿನೀರು ತೊಟ್ಟಿಕ್ಕಿತು. ತೂನಿಸ್ ಬೊಗಸೆಯಲ್ಲಿ ಹಿಡಿದು, ಬೆಳಕಿಗೆ ನೋಡಿ, ತಲೆಯಾಡಿಸಿದ. ನಾನು ಚೀಲದ ಮೇಲೆಯೇ ಕೂತು ಅತ್ತುಬಿಟ್ಟೆ.

ಆಗ ಗೆರ್ಡೀನಾ ಬಂದಳು. ಕೈಗೆ ರಬ್ಬರ್ ಗವಸು, ಕೈಯಲ್ಲಿ ಅಡುಗೆಮನೆಯ ಜಾಲರಿ ಸೌಟು. ಕಟ್ಟೆಯ ಮೇಲೆ ಬಗ್ಗಿ, ತೇಲುತ್ತಿದ್ದ ಹುಲ್ಲಿನ ಎಳೆಗಳನ್ನೂ ಒಂದು ಸತ್ತ ಹುಳವನ್ನೂ ಎತ್ತಿ ಹಾಕಿದಳು.

“ಇದು ಇಲ್ಲಿ ಎಷ್ಟು ದಿನ ಇರ್ಬೇಕು?”

“ನದಿ ಇಳಿಯೋವರೆಗೆ.”

“ಅಷ್ಟು ದಿನವಾ? ಜನ ನೋಡ್ತಾರಲ್ಲೇ.” ದನಿ ತಗ್ಗಿಸಿದಳು. “ಒಳಗೆ ನಿನ್ನ ಪಾಲಿನ ಕೇಕು ತೆಗೆದಿಟ್ಟಿದ್ದೀನಿ. ಹಿಂಬಾಗಿಲಲ್ಲಿ ಕೊಡ್ತೀನಿ, ಬೂಟು ತೆಗೆಯೋದೂ ಬೇಡ.”

ನಾನು ಟಾರ್ಪಾಲು ಎಳೆದು ಬಿಸಾಕಿ, ಕೈಗಾಡಿಯನ್ನು ಮುಂದಿನ ಗೇಟಿಗೆ ತಳ್ಳಿಕೊಂಡು ಹೋದೆ. ನಮ್ಮ ಏರಿಯ ಕೆಳಗಿನಿಂದ ಬಂದು, ಬುಧವಾರದಿಂದ ಅವಳು ಗುಡಿಸಿ ಬಚ್ಚಿಟ್ಟಿದ್ದ ಮರಳು. ಅಷ್ಟನ್ನೂ ಗೇಟಿನ ಪಕ್ಕ, ಕಿಟಕಿಯ ಎದುರಿಗೆ ಸುರಿದೆ. ಒಂಟಿ ಕಾಲಿನ ಸಾರಾಳನ್ನು ತಂದು ಆ ಗುಪ್ಪೆಯ ಮೇಲೆ, ದಾರಿಗೆ ಮುಖ ಮಾಡಿ ಕೂರಿಸಿದೆ. ಆಮೇಲೆ ಮಕ್ಕಳನ್ನು ಕರೆತರಲು ದಿಬ್ಬಕ್ಕೆ ಹೋದೆ.

“ಅಮ್ಮಾ, ನೀನು ನಾರ್ತಿದ್ದೀಯ,” ಎಂದಳು ಫೆನ್ನಾ, ಕೊರಳಿಗೆ ಜೋತುಬಿದ್ದು.

“ಹೂಂ ಕಣೇ ಚಿನ್ನಾ. ನಾರ್ತಿದ್ದೀನಿ.”

ಮರುದಿನ ಕಾವಲಿಗೆ ಹೋಗುವಾಗ ನೋಡಿದೆ. ಹಿತ್ತಲಿನ ಕಟ್ಟೆಯಲ್ಲಿ ನೀರು ತಿಳಿಯಾಗಿಯೇ ಇತ್ತು. ಸಾರಾ ಕೂತಲ್ಲೇ ಇದ್ದಳು. ದಾರಿಯಲ್ಲಿ ಹೋಗುವವರು ನಿಂತು ಅವಳ ಕೆಳಗಿನ ಮರಳನ್ನು ನೋಡುತ್ತಿದ್ದರು. ಗೆರ್ಡೀನಾಳ ಮುಂದಿನ ಕಿಟಕಿಗೆ ಮೊದಲ ಸಲ ಮರೆ ಬಂದಿತ್ತು. ಮಂಚದ ಚಾದರ, ಬಿಳಿಯದು, ಇಸ್ತ್ರಿ ಮಾಡಿ ಕಟ್ಟಿದ್ದಳು.