ಪಕ್ಕದಿಂದ ತೆಗೆದ ಚಿತ್ರ

ಅಪ್ಪನ ಕತ್ತಲೆ ಕೋಣೆಯ ವಾಸನೆ ಇಷ್ಟು ವರ್ಷಗಳಾದ ಮೇಲೂ ನನ್ನ ಮೂಗಿನಲ್ಲಿ ಉಳಿದಿದೆ. ಫೋಟೋ ತೊಳೆಯುವ ರಾಸಾಯನಿಕದ ಹುಳಿ, ಒದ್ದೆ ಕಂಬಳಿಯ ಮುಗ್ಗಲು, ಕೆಂಪು ಬಲ್ಬು ಕಾದಾಗ ಅದರ ಮೇಲಿನ ದೂಳು ಸುಡುವ ಕಮಟು, ಎಲ್ಲ ಸೇರಿ ಒಂದೇ ವಾಸನೆಯಾಗಿತ್ತು. ಬೆಳಕು ನುಸುಳದಂತೆ ಬಾಗಿಲಿಗೆ ಕಂಬಳಿ ಇಳಿಬಿಟ್ಟು ಅಪ್ಪ ಬಿಳಿ ಕಾಗದವನ್ನು ತಟ್ಟೆಯಲ್ಲಿ ಮುಳುಗಿಸುತ್ತಿದ್ದರು. ಏನೂ ಇಲ್ಲದ ಆ ಬಿಳುಪಿನಲ್ಲಿ ಮೊದಲು ಹುಬ್ಬು, ಆಮೇಲೆ ತಲೆಗೂದಲು, ಕೋಟಿನ ಗುಂಡಿ, ಹೀಗೆ ಒಬ್ಬ ಮನುಷ್ಯ ನೀರಿನ ಅಡಿಯಿಂದ ಮೇಲೆದ್ದು ಬರುತ್ತಿದ್ದ. ಯಾರು ಏಳುತ್ತಾರೋ ಎಂದು ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ.

ಒಂದು ದಿನ ಮೇಲೆದ್ದ ಮುದುಕರೊಬ್ಬರ ಮುಖದಲ್ಲಿ ಕಣ್ಣುಗಳು ಮುಚ್ಚಿದ್ದವು. ತೀರಿಕೊಂಡವರನ್ನು ಕುರ್ಚಿಯಲ್ಲಿ ಕೂರಿಸಿ ಕೊನೆಯ ಪಟ ತೆಗೆಸುವ ವಾಡಿಕೆ ಆಗ ನಮ್ಮೂರಿನಲ್ಲಿತ್ತು. ನಾನು ಕಿರುಚುವ ಮೊದಲೇ ಹಿಂದಿನಿಂದ ಒಂದು ಅಂಗೈ ಬಂದು ನನ್ನ ಕಣ್ಣು ಮುಚ್ಚಿತು.

"ಅಜ್ಜ ನಿದ್ದೆ ಮಾಡ್ತಿದಾರೆ ಕಣೇ ಪುಟ್ಟೀ," ಎಂದಳು ವಾರಿಜಕ್ಕ. "ಅಪ್ಪ 'ರೆಡಿ' ಅನ್ನೋವಾಗಲೇ ತೂಕಡಿಸಿಬಿಟ್ರಂತೆ."

ನಾನು ನಂಬಿದೆ. ಅಕ್ಕ ಹೇಳಿದ್ದನ್ನು ನಾನು ಯಾವಾಗಲೂ ನಂಬುತ್ತಿದ್ದೆ.

ಮುಂದೆ ಅಕ್ಕ ಹುಡುಗಿಯರ ಶಾಲೆಯಲ್ಲಿ ಭೂಗೋಳದ ಟೀಚರಾದಳು. ನಾನು ಭೌತಶಾಸ್ತ್ರ ಓದಿ, ಊರಿನ ದೊಡ್ಡಾಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿಯೂ ನನ್ನ ಪಾಲಿಗೆ ಬಂದದ್ದು ಒಂದು ಕ್ಯಾಮೆರಾವೇ. ಆದರೆ ಅದು ಹೊರಗಿನ ಬೆಳಕನ್ನು ನೋಡುವ ಕ್ಯಾಮೆರಾ ಅಲ್ಲ. ರೋಗಿಗೆ ಕುಡಿಸಿದ ಔಷಧಿ ದೇಹದೊಳಗಿನಿಂದ ಬಿಡುವ, ಕಣ್ಣಿಗೆ ಕಾಣದ ಕಿರಣಗಳನ್ನು ಹಿಡಿಯುವಂಥದು. ಅದರ ತಲೆಯೊಳಗೆ ಊಟದ ತಟ್ಟೆಗಿಂತ ಅಗಲವಾದ ಒಂದು ಹರಳಿತ್ತು. ಕಿರಣ ತಾಗಿದರೆ ಹರಳು ಅತಿ ಸಣ್ಣಗೆ ಮಿನುಗುತ್ತಿತ್ತು, ಮಿಂಚುಹುಳುವಿನ ಬೆಳಕನ್ನು ಅದರ ಮುಂದೆ ಹಗಲು ಎನ್ನಬೇಕು. ಹರಳಿನ ಬೆನ್ನಿಗೆ ಒತ್ತೊತ್ತಾಗಿ ನಿಂತ ಗಾಜಿನ ನಳಿಗೆಗಳು ಆ ಮಿನುಗನ್ನು ಕಂಡು, ಹಿಗ್ಗಿಸಿ, ಪರದೆಯ ಮೇಲೆ ಒಂದು ಚುಕ್ಕಿ ಇಡುತ್ತಿದ್ದವು. ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಕಪ್ಪು ಪರದೆಯಲ್ಲಿ ನಿಧಾನವಾಗಿ ಒಬ್ಬ ಮನುಷ್ಯ ಮೂಡುತ್ತಿದ್ದ. ಔಷಧಿ ಹೆಚ್ಚು ಕೂಡಿದ ಕಡೆ ಚುಕ್ಕಿಗಳು ದಟ್ಟವಾಗುತ್ತಿದ್ದವು.

ನಳಿಗೆಗಳೆಲ್ಲ ಒಂದೇ ಸಮನಾಗಿ ನೋಡುತ್ತಿವೆಯೇ ಎಂದು ದಿನವೂ ಬೆಳಿಗ್ಗೆ ಪರೀಕ್ಷಿಸುವುದು ನನ್ನ ಕೆಲಸ. ಒಂದು ನಳಿಗೆ ಕೊಂಚ ಹೆಚ್ಚು ಚುರುಕಾದರೂ ಸಾಕು, ಇಲ್ಲದ ಕಡೆ ಬೆಳಕು ತೋರಿಸಿ ಒಂದು ಮನೆಯ ನೆಮ್ಮದಿ ಕೆಡಿಸಬಹುದು. ಹಾಗಾಗಿ ಅದನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದೆ. ಹರಳಿಗೆ ಬಿಸಿಗಾಳಿ ತಾಗೀತೆಂದು ಕಿಟಕಿ ತೆರೆದವರ ಮೇಲೆ ರೇಗುತ್ತಿದ್ದೆ.

ಹೀಗಿರುವಾಗ ವಾರಿಜಕ್ಕನ ಕತ್ತಿನಲ್ಲಿ ಗಂಟು ಕಂಡಿತು. ಥೈರಾಯ್ಡ್ ಗ್ರಂಥಿಯನ್ನು ತೆಗೆದುಹಾಕಿದರು. ತೆಗೆದದ್ದನ್ನು ಪರೀಕ್ಷೆ ಮಾಡಿದಾಗ ನಮಗೆ ಬೇಡವಾಗಿದ್ದ ಉತ್ತರವೇ ಬಂತು. ನಮ್ಮ ವಿಭಾಗದ ಮುಖ್ಯಸ್ಥೆ ಡಾಕ್ಟರ್ ತಾಹಿರಾ, ಮಾತು ಕಡಿಮೆ, ಆಡಿದ ಮಾತೂ ಒರಟು. ನನ್ನನ್ನು ಕೂರಿಸಿಕೊಂಡು ಹೇಳಿದರು:

"ಕಿರಣ ಬಿಡುವ ಅಯೋಡಿನ್ ಕುಡಿಸ್ತೀವಿ. ಕತ್ತಿನಲ್ಲಿ ಏನಾದರೂ ಚೂರುಪಾರು ಉಳಿದಿದ್ದರೆ ಅದು ಸುಟ್ಟುಹಾಕುತ್ತೆ. ಆಮೇಲೆ ನಮ್ಮ ಕ್ಯಾಮೆರಾದಲ್ಲಿ ನೋಡೋಣ. ಕತ್ತಿನಲ್ಲಿ ಮಾತ್ರ ಕಂಡರೆ ಮನೆಗೆ ಹೋಗ್ತಾರೆ. ಎದೆಯಲ್ಲಿ ಕಂಡರೆ ಶ್ವಾಸಕೋಶಕ್ಕೆ ಹಬ್ಬಿದೆ ಅಂತ. ಆಗ ದಾರಿ ತುಂಬಾ ದೂರ."

ಅಕ್ಕನನ್ನು ದಪ್ಪ ಗೋಡೆಯ ಕೋಣೆಯಲ್ಲಿ ಒಬ್ಬಳನ್ನೇ ಇಟ್ಟರು. ಔಷಧಿ ಕುಡಿದವರ ಬೆವರು, ಎಂಜಲು, ಎಲ್ಲದರಲ್ಲೂ ಅದು ಸೇರಿರುತ್ತದೆ. ಅವರ ಬಳಿ ಕೂರುವಂತಿಲ್ಲ. ನೆಲಕ್ಕೆ ಬಳಿದ ಹಳದಿ ಗೆರೆಯ ಈಚೆ ನಿಂತು ಮಾತಾಡಬೇಕು. ದೂರ ಹೆಚ್ಚಿದಷ್ಟೂ ಕಿರಣ ಕಡಿಮೆಯಾಗುವ ಸೂತ್ರವನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಅದನ್ನು ಅಕ್ಕನ ಮೇಲೆ ಪ್ರಯೋಗಿಸಬೇಕಾಗುತ್ತದೆಂದು ಎಣಿಸಿರಲಿಲ್ಲ.

"ಬಾರೇ ಪುಟ್ಟೀ, ಗೆರೆ ದಾಟಬೇಡ, ರಾವಣ ಇದ್ದಾನೆ ಒಳಗೆ," ಎಂದು ಅವಳು ಮಂಚದ ಮೇಲಿಂದ ನಗುತ್ತಿದ್ದಳು. "ಈ ಕೋಣೆಗೆ ದೀಪ ಯಾಕೆ ಹಾಕ್ತಾರೆ? ನಾನೇ ಬೆಳಗ್ತೀನಲ್ಲ."

"ಮೂಗು ಯಾಕೆ ಕೆಂಪಾಗಿದೆ ಅಕ್ಕ?"

"ನೆಗಡಿ. ಇವರ ತಂಪು ಮಿಷನ್ನಿಂದ." ಕರವಸ್ತ್ರದಿಂದ ಮೂಗು ಒರೆಸಿಕೊಂಡು ಅದನ್ನು ರವಿಕೆಯೊಳಗೆ ಸಿಕ್ಕಿಸಿದಳು. "ನಿನ್ನ ಮುಖ ನೋಡಿಕೋ ಮೊದಲು. ಔಷಧಿ ಕುಡಿದವಳು ನಾನೋ ನೀನೋ?"

ಊಟ ತರುವ ಆಯಾ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಓಡಿಹೋಗದೆ, ಗೆರೆಯ ಈಚೆ ನಿಂತೇ ಅಕ್ಕನಿಗೆ ಮಾರುಕಟ್ಟೆಯ ಸುದ್ದಿ ಹೇಳುತ್ತಿದ್ದಳಂತೆ. ಅದನ್ನು ಅಕ್ಕ ಬಣ್ಣಿಸಿ ಹೇಳುವಾಗ ನಾನು ನಗುತ್ತಿದ್ದೆ. ಕಾರಿಡಾರಿಗೆ ಬಂದ ಮೇಲೆ ಡಾಕ್ಟರ್ ಹೇಳಿದ್ದನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೆ.

ಚಿತ್ರ ತೆಗೆಯುವ ದಿನ ಬಂತು. ಆ ಕೋಣೆಯಲ್ಲಿ ಉಟ್ಟ ಬಟ್ಟೆಯನ್ನೆಲ್ಲ ಅಲ್ಲಿಯೇ ಚೀಲದಲ್ಲಿ ಕಟ್ಟಿಟ್ಟು, ತಲೆಗೆ ಸ್ನಾನ ಮಾಡಿ, ಹೊಸ ಬಟ್ಟೆಯುಟ್ಟು ಹೊರಗೆ ಬರಬೇಕೆಂಬುದು ನಿಯಮ. ನಾನು ಒಗೆದ ಸೀರೆ ರವಿಕೆ ಕಳಿಸಿದ್ದೆ. ಕ್ಯಾಮೆರಾದ ಕೋಣೆಯಲ್ಲಿ ಅದನ್ನೂ ಬದಲಿಸಿ ಆಸ್ಪತ್ರೆಯ ನಿಲುವಂಗಿ ತೊಡಬೇಕು. ಅಕ್ಕ ನಿಲುವಂಗಿಯನ್ನು ಎತ್ತಿ ನೋಡಿದಳು. ಬೆನ್ನಿಗೆ ಬರೀ ಎರಡು ಲಾಡಿ.

"ಲಾರೆನ್ಸ್ ಮುಂದೆ ಇದನ್ನು ಹಾಕಿಕೊಂಡು ಮಲಗಲೇ?" ಎಂದು ಪಿಸುಗುಟ್ಟಿದಳು. ನಮ್ಮ ಟೆಕ್ನಿಷಿಯನ್ ಲಾರೆನ್ಸನ ಇಬ್ಬರು ಹೆಣ್ಣುಮಕ್ಕಳೂ ಅವಳ ಕ್ಲಾಸಿನಲ್ಲಿ ಓದುತ್ತಿದ್ದರು. "ನಾಳೆ ಆ ಮಕ್ಕಳ ಮುಂದೆ ನಿಂತು ಪಾಠ ಮಾಡಬೇಕು ಕಣೇ ನಾನು."

ಅವಳು ನಾಳೆಯ ಪಾಠದ ಮಾತಾಡಿದ್ದೇ ನನಗೆ ಸಾಕಾಗಿತ್ತು. ಬಟ್ಟೆ ಕಿರಣಗಳನ್ನು ತಡೆಯುವುದಿಲ್ಲ, ಹೊಸದಾಗಿ ಒಗೆದದ್ದು ಬೇರೆ. "ಇರಲಿ ಬಿಡು, ಸೀರೆಯಲ್ಲೇ ಮಲಗು," ಎಂದೆ. ಲಾರೆನ್ಸ್ ಏನೂ ಕೇಳಿಸಿಕೊಳ್ಳದವನಂತೆ ಗೋಡೆಯ ಕಡೆ ತಿರುಗಿ ದಿಂಬಿನ ಕವಚ ಸರಿಮಾಡುತ್ತಿದ್ದ.

ಕ್ಯಾಮೆರಾದ ತಲೆ ಅಕ್ಕನ ಮೇಲೆ ಇಳಿಯಿತು. ನಾನು ಗಾಜಿನ ಈಚೆ ಪರದೆಯ ಮುಂದೆ ಕುಳಿತೆ. ಕಪ್ಪಿನಲ್ಲಿ ಚುಕ್ಕಿಗಳು ಬೀಳತೊಡಗಿದವು. ಕತ್ತಿನಲ್ಲಿ ಒಂದು ಹೊಳಪು ಮೂಡಿತು, ಅದು ನಿರೀಕ್ಷಿಸಿದ್ದೇ. ಬಾಯಿಯ ಸುತ್ತ ಮಸುಕು, ಹೊಟ್ಟೆಯಲ್ಲಿ ಮಸುಕು. ಎದೆ ಕಪ್ಪಾಗಿಯೇ ಇತ್ತು. ನಾನು ಉಸಿರು ಬಿಡುವಷ್ಟರಲ್ಲಿ ಎಡಗಡೆ ಒಂದು ಚುಕ್ಕಿ ಬಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಅಲ್ಲಿಯೇ, ಅಲ್ಲಿಯೇ, ಬಿಡದೆ ಬೀಳತೊಡಗಿದವು.

ಅಪ್ಪನ ತಟ್ಟೆಯಲ್ಲಿ ಮುಚ್ಚಿದ ಕಣ್ಣು ಮೇಲೆದ್ದ ಹಾಗೆ ಅದು ಮೇಲೆದ್ದಿತು. ಈ ಸಲ ನನ್ನ ಕಣ್ಣು ಮುಚ್ಚಬೇಕಾದವಳು ಗಾಜಿನ ಆಚೆ, ಹರಳಿನ ಕೆಳಗೆ ಮಲಗಿದ್ದಳು.

ನಳಿಗೆ ಕೆಟ್ಟಿರಬೇಕು ಎಂದುಕೊಂಡೆ. ಹಾಗೆಂದು ಬೇಡಿಕೊಂಡೆ ಎಂದರೆ ಸರಿ. ಬೆಳಗಿನ ಪರೀಕ್ಷೆಯ ಚಿತ್ರ ತೆಗೆದು ನೋಡಿದೆ. ಹಾಲಿನ ಕೆನೆಯಂತೆ ಎಲ್ಲ ಕಡೆ ಸಮನಾಗಿತ್ತು. ನನ್ನ ಕೆಲಸ ಅಷ್ಟು ಅಚ್ಚುಕಟ್ಟಾಗಿದ್ದುದಕ್ಕೆ ನನಗೆ ಅಂದು ಅಳು ಬಂತು.

ಇನ್ನೊಂದು ಉಪಾಯವಿತ್ತು. ತಪ್ಪು ಕ್ಯಾಮೆರಾದ್ದಾದರೆ ಮಂಚವನ್ನು ಸರಿಸಿದರೂ ಹೊಳಪು ಇದ್ದಲ್ಲೇ ಇರುತ್ತದೆ. ರೋಗಿಯದಾದರೆ ರೋಗಿಯ ಜತೆಗೇ ಸರಿಯುತ್ತದೆ.

"ಲಾರೆನ್ಸ್, ಮಂಚ ಒಂದು ಗೇಣು ಆ ಕಡೆ."

ಅವನು ನನ್ನ ದನಿ ಕೇಳಿ ಒಮ್ಮೆ ತಿರುಗಿ ನೋಡಿದ. ಮಂಚ ಸರಿಸಿದ. ಮತ್ತೆ ಚುಕ್ಕಿಗಳು ಬಿದ್ದವು. ಅಕ್ಕನ ಕತ್ತು ಸರಿಯಿತು, ಹೊಟ್ಟೆ ಸರಿಯಿತು, ಅವುಗಳ ಜೊತೆಗೆ, ನೆರಳಿನಂತೆ, ಅದೂ ಸರಿಯಿತು.

"ಏನೇ ಅದು, ಮಂಚ ಎಳೆದಾಡ್ತೀರಿ?" ಒಳಗಿನಿಂದ ಅಕ್ಕನ ದನಿ. "ಚೆನ್ನಾಗಿ ಬರಲಿಲ್ಲವೋ? ನಗಬೇಕಿತ್ತೇ?"

"ಇನ್ನೊಂದು ತೆಗೀಬೇಕಕ್ಕ. ನೀನು ಅಲುಗಾಡಿದೆ."

"ನಾನು ಅಲುಗಲಿಲ್ಲ," ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಪುಟ್ಟೀ, ನಿನಗೆ ಸುಳ್ಳು ಹೇಳೋಕೆ ಬರಲ್ಲ. ಅದು ನನ್ನ ಇಲಾಖೆ."

ನಾನು ಪರದೆಯ ಕಡೆಗೇ ತಿರುಗಿದೆ. ಡಾಕ್ಟರ್ ತಾಹಿರಾ ನನ್ನ ಹಿಂದೆ ಬಂದು ನಿಂತದ್ದೂ ತಿಳಿದಿರಲಿಲ್ಲ. ಅವರು ಬಗ್ಗಿ ಪರದೆಯನ್ನೇ ನೋಡಿದರು. ಅವರು ಏನಾದರೂ ಹೇಳಲಿ ಎಂದೂ, ಏನನ್ನೂ ಹೇಳದಿರಲಿ ಎಂದೂ ಒಟ್ಟಿಗೆ ಅನ್ನಿಸುತ್ತಿತ್ತು.

"ಮೇಲಿನಿಂದ ನೋಡಿದ್ದೀಯ. ಪಕ್ಕದಿಂದ?"

"ಇಲ್ಲ ಮೇಡಂ."

"ಯಾಕೆ?"

ಯಾಕೆ ಎಂದು ಅವರಿಗೆ ಗೊತ್ತಿತ್ತು. ಮೇಲಿನಿಂದ ತೆಗೆದ ಚಿತ್ರಕ್ಕೆ ಆಳ ಇರುವುದಿಲ್ಲ. ಎದೆಯ ಒಳಗಿನದೂ ಮೇಲಿನದೂ ಒಂದರ ಮೇಲೊಂದು ಬಿದ್ದು ಒಂದೇ ಆಗಿ ಕಾಣುತ್ತವೆ. ಆಳ ತಿಳಿಯಬೇಕಾದರೆ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಬೇಕು. ಬೇರೆ ಯಾವ ರೋಗಿಗಾದರೂ ಹೇಳಿಸಿಕೊಳ್ಳದೆ ಮಾಡಿರುತ್ತಿದ್ದೆ. ಆದರೆ ಪಕ್ಕದಿಂದಲೂ ಅದು ಎದೆಯ ನಡುವೆಯೇ ಕಂಡರೆ ಆಮೇಲೆ ಹಿಡಿದುಕೊಳ್ಳಲು ಇನ್ನೇನೂ ಉಳಿಯುತ್ತಿರಲಿಲ್ಲ.

"ಏಳು, ನಾನು ಕೂರ್ತೀನಿ," ಎಂದರು ಡಾಕ್ಟರ್. ನಾನು ಏಳಲಿಲ್ಲ. ಅವರು ಒತ್ತಾಯಿಸಲಿಲ್ಲ, ಇನ್ನೊಂದು ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕುಳಿತರು.

ಲಾರೆನ್ಸ್ ಕ್ಯಾಮೆರಾದ ತಲೆಯನ್ನು ಅಕ್ಕನ ಎಡಮಗ್ಗುಲಿಗೆ ತಿರುಗಿಸಿದ. ಚುಕ್ಕಿಗಳು ಹನಿಯತೊಡಗಿದವು. ಮೈಯ ಮಸುಕು ಗೆರೆ ಮೊದಲು ಕಂಡಿತು: ಗಲ್ಲ, ಕತ್ತು, ಎದೆಯ ಏರು. ಆ ಗೆರೆಯ ಒಳಗೆ ಕಪ್ಪು. ನಾನು ಅದರ ನಡುವನ್ನೇ ದಿಟ್ಟಿಸುತ್ತಿದ್ದೆ. ಒಂದು ಚುಕ್ಕಿಯೂ ಕೂಡಲಿಲ್ಲ. ಡಾಕ್ಟರ್ ತಾಹಿರಾ ಬೆರಳು ಚಾಚಿ ಪರದೆಯ ಮೇಲ್ಗಡೆ ತೋರಿಸಿದರು.

ಹೊಳಪು ಅಲ್ಲಿತ್ತು. ಮೈಯ ಗೆರೆಯ ಹೊರಗೆ. ಎದೆಯ ಮೇಲೆ, ಗಾಳಿಯಲ್ಲಿ ಕೂತಂತೆ.

"ರವಿಕೆಯಲ್ಲಿ ಏನಿದೆ ಕೇಳು," ಎಂದರು.

ನಾನು ಗಾಜಿನ ಬಾಗಿಲು ತಳ್ಳಿಕೊಂಡು ಓಡಿದೆ. ಲಾರೆನ್ಸ್ ತಾನಾಗಿಯೇ ಹೊರಗೆ ಹೋದ. ಗಾಬರಿಯಿಂದ ಅಕ್ಕನ ತುಟಿ ಒಣಗಿತ್ತು. ಅವಳು ನನ್ನ ಮುಖವನ್ನು ಓದಲು ನೋಡಿದಳು, ಓದಲಾಗಲಿಲ್ಲ.

"ರವಿಕೆಯಲ್ಲಿ ಏನಿಟ್ಟುಕೊಂಡಿದ್ದೀಯ?"

"ಏನಿಲ್ಲವಲ್ಲ. ಕರವಸ್ತ್ರ ಒಂದು."

"ಯಾವುದು? ಆ ಕೋಣೆಯದೇ?"

"ಬಟ್ಟೆ ಎಲ್ಲ ಚೀಲಕ್ಕೆ ಹಾಕಿದೆ ಕಣೇ. ಕರವಸ್ತ್ರ ಬಟ್ಟೆಯೇ?"

ನಮ್ಮೂರ ಹೆಂಗಸರು ಸೀರೆ ಬದಲಿಸುತ್ತಾರೆ, ರವಿಕೆ ಬದಲಿಸುತ್ತಾರೆ, ಎದೆಯೊಳಗಿನ ಕರವಸ್ತ್ರವನ್ನು ಮಾತ್ರ ಹಳೆಯದರಿಂದ ತೆಗೆದು ಹೊಸದರೊಳಗೆ ಸಿಕ್ಕಿಸಿಕೊಳ್ಳುತ್ತಾರೆ. ಯಾರೂ ಅದನ್ನು ಉಡುಪಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಹಿಡಿದಿರಲಿಲ್ಲ. ಕೈಗವಸು ಹಾಕಿ ಅದನ್ನು ಈಸಿಕೊಂಡೆ. ಮೂಲೆಯಲ್ಲಿ ನೀಲಿ ದಾರದ ಹೂವಿದ್ದ ಸಣ್ಣ ಬಿಳಿ ಚೌಕ. ಒದ್ದೆಯಾಗಿ ಒಣಗಿ, ಮತ್ತೆ ಒದ್ದೆಯಾಗಿ ಒಣಗಿ, ಗಂಜಿ ಹಾಕಿದಂತೆ ಒರಟಾಗಿತ್ತು. ಕಿರಣ ಅಳೆಯುವ ಯಂತ್ರದ ಬಳಿ ಹಿಡಿದೊಡನೆ ಯಂತ್ರ ಗಟ್ಟಿಯಾಗಿ ಚಿಟಪಟ ಸಿಡಿಯಿತು.

ಕರವಸ್ತ್ರವಿಲ್ಲದೆ ಮತ್ತೊಂದು ಚಿತ್ರ ತೆಗೆದೆವು. ಕತ್ತಿನಲ್ಲಿ ಆ ಒಂದು ಹೊಳಪು. ಎದೆಯ ತುಂಬ, ಈ ತುದಿಯಿಂದ ಆ ತುದಿಗೆ, ಕಪ್ಪು. ಅಷ್ಟು ಚೆಂದದ ಕತ್ತಲೆಯನ್ನು ನಾನು ಆಮೇಲೆ ಎಂದೂ ನೋಡಲಿಲ್ಲ.

ಡಾಕ್ಟರ್ ತಾಹಿರಾ ಅಕ್ಕನ ಬಳಿ ಹೋಗಿ, "ಟೀಚರಮ್ಮ, ಹಬ್ಬಿಲ್ಲ. ಮನೆಗೆ ಹೋಗಬಹುದು," ಎಂದರು. ಅಕ್ಕ ತಲೆಯಾಡಿಸಿದಳು.

ನಾನು ತಡೆಯಲಾರದೆ ಕೇಳಿದೆ. "ಕಣ್ಣೀರಲ್ಲೂ ಔಷಧಿ ಬರುತ್ತೆ ಅಕ್ಕ. ಆ ಕೋಣೆಯಲ್ಲಿ ಅಷ್ಟೊಂದು ಅತ್ತೆಯಾ?"

"ಯಾರು ಅತ್ತದ್ದು? ಆಗಲೇ ಹೇಳಿದೆನಲ್ಲ, ನೆಗಡಿ ಅಂತ." ಹೇಳುತ್ತಲೇ ಅವಳ ಗಲ್ಲ ಅದುರಿತು. ಕೈ ಅಭ್ಯಾಸದಂತೆ ರವಿಕೆಯ ಕಡೆ ಹೋಗಿ, ಬರಿದಾಗಿ ಹಿಂದಕ್ಕೆ ಬಂತು.

"ಆ ಕೋಣೆ ಬಹಳ ತಂಪು. ಎಲ್ಲರಿಗೂ ನೆಗಡಿ ಆಗುತ್ತೆ," ಎಂದರು ಡಾಕ್ಟರ್ ತಾಹಿರಾ, ನನ್ನನ್ನು ನೋಡದೆ. ಮೇಜಿನ ಮೇಲಿದ್ದ ಹತ್ತಿಯ ಸುರುಳಿಯಿಂದ ಒಂದು ತುಂಡು ಹರಿದು ಅಕ್ಕನ ಕೈಯಲ್ಲಿಟ್ಟು ಹೊರಟರು.

ಲಾರೆನ್ಸ್ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದ ಮೇಲೆ ನಾನು ಹಿಂದಿನ ಸಣ್ಣ ಕೋಣೆಗೆ ಹೋಗಿ ಕುಳಿತೆ. ಆಗ ಮೈ ನಡುಗಲು ಶುರುವಾಯಿತು. ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ. ಡಾಕ್ಟರ್ ತಾಹಿರಾ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಎಂದೂ ನಮ್ಮ ಜೊತೆ ಕೂತು ಉಣ್ಣದವರು ತಮ್ಮ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಎದುರಿಗೆ ಕುಳಿತರು. ಮುಚ್ಚಳ ತೆಗೆಯಹೋದ ಅವರ ಬೆರಳು ಜಾರಿತು. ಇನ್ನೊಮ್ಮೆ ಜಾರಿತು. ಅವರ ಕೈಯೂ ನನ್ನ ಕೈಯಂತೆಯೇ ನಡುಗುತ್ತಿರುವುದನ್ನು ಆಗ ಕಂಡೆ.

ಕೊನೆಗೆ ಡಬ್ಬಿ ತೆರೆಯಿತು. ಚಪಾತಿಯನ್ನು ಮಧ್ಯಕ್ಕೆ ಹರಿದು, ಅರ್ಧವನ್ನೂ ಅದರ ಮೇಲೆ ಹೀರೇಕಾಯಿ ಪಲ್ಯದ ದೊಡ್ಡ ಪಾಲನ್ನೂ ಮುಚ್ಚಳದಲ್ಲಿಟ್ಟು ನನ್ನ ಕಡೆ ಸರಿಸಿದರು.